ಅಪ್ಪನಿಗೊಂದು ಸುಲಭದ ಪುಟ್ಟ ಕ್ಯಾಮೆರಾ: ಕೊಂಡದ್ದು ಕೈಕೊಟ್ಟಿತು, ಈಗ ಯಾವುದು?

ಸಾಗರದವಳು

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ ಈಗ 67. ಪ್ರಾಥಮಿಕ ಶಾಲೆಯಲ್ಲಿ 34 ವರ್ಷ ಪಾಠ ಹೇಳಿ ನಿವೃತ್ತರಾದವರು. ಗೆಳೆಯರ ಜೊತೆ ವರ್ಷಕ್ಕೆ ಮೂರು ನಾಲ್ಕು ಪ್ರವಾಸ ಮಾಡುತ್ತಾರೆ. ಒಳ್ಳೆಯ ಸ್ಮಾರ್ಟ್‌ಫೋನ್ ಕೊಡಿಸಿದ್ದೇನೆ. ಆದರೆ ಸೀಮೆಸುಣ್ಣ ಹಿಡಿದು ಹಿಡಿದು ಒಣಗಿದ ಅವರ ಬೆರಳ ತುದಿಯನ್ನು ಪರದೆ ಗುರುತಿಸುವುದೇ ಕಷ್ಟ. ಮೂರು ಸಲ ಒತ್ತಿದರೆ ಒಮ್ಮೆ ಫೋಟೊ ಬೀಳುತ್ತದೆ. "ಗುಂಡಿ ಇರುವ ಕ್ಯಾಮೆರಾ ಕೊಡಿಸು" ಎಂದು ಅವರೇ ಬಾಯಿಬಿಟ್ಟು ಕೇಳಿದರು. ಅವರು ಹಾಗೆ ಏನನ್ನಾದರೂ ಕೇಳುವುದು ಅಪರೂಪ.

ಕಳೆದ ತಿಂಗಳು "48 ಮೆಗಾಪಿಕ್ಸೆಲ್, 16 ಪಟ್ಟು ಜೂಮ್" ಎಂದು ಬರೆದಿದ್ದ ಪುಟ್ಟ ಕ್ಯಾಮೆರಾ ಒಂದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಬೆಲೆ ಐದು ಸಾವಿರದೊಳಗೆ. ಅಪ್ಪ ಅದನ್ನು ಹಿಡಿದು ಬೇಲೂರಿಗೆ ಹೋಗಿಬಂದರು. ಸೂರಿನಡಿಯ ಮದನಿಕೆಯರ ಮುಖವೆಲ್ಲ ಮೇಣ ಕರಗಿದಂತೆ ಬಂದಿದೆ. ಗುಡಿಯ ಒಳಮಂಟಪವಾದ ನವರಂಗದೊಳಗೆ ತೆಗೆದ ನಲವತ್ತು ಚಿತ್ರಗಳಲ್ಲಿ ಒಂದೂ ನೆಟ್ಟಗಿಲ್ಲ. ಅವರಿಗೆ ಕೈ ಸ್ವಲ್ಪ ನಡುಗುತ್ತದೆ. "ನನ್ನ ಕೈಯೇ ಸರಿಯಿಲ್ಲ ಬಿಡು" ಎಂದು ಕ್ಯಾಮೆರಾವನ್ನು ಬೀರುವಿನಲ್ಲಿಟ್ಟುಬಿಟ್ಟರು. ತಪ್ಪು ಕೈಯದೋ ಕ್ಯಾಮೆರಾದ್ದೋ ದಯವಿಟ್ಟು ತಿಳಿಸಿ. ಹೊಸದು ಕೊಳ್ಳಲು 45,000 ರೂಪಾಯಿವರೆಗೆ ಖರ್ಚು ಮಾಡಬಲ್ಲೆ.

ಹಳೆಯ ಶಟರ್

ಕೊಳ್ಳುವ ಮಾತು ಆಮೇಲೆ. ಮೊದಲು ಬೀರುವಿನಿಂದ ಆ ಕ್ಯಾಮೆರಾವನ್ನು ಹೊರತೆಗೆದು ಮೂರು ಸಂಗತಿ ನೋಡಿ ಹೇಳಿ. ಸ್ವಿಚ್ ಹಾಕಿದಾಗ ಲೆನ್ಸ್ ಕೊಳವೆ ಮುಂದಕ್ಕೆ ಚಾಚಿಕೊಳ್ಳುತ್ತದೆಯೇ? ಫೋಟೊ ತೆಗೆಯುವ ಶಟರ್ ಗುಂಡಿಯನ್ನು ಮೆಲ್ಲಗೆ ಅರ್ಧ ಒತ್ತಿದರೆ ನಡುವೆ ಒಂದು ತಡೆ ಸಿಗುತ್ತದೆಯೇ ಅಥವಾ ಒಂದೇ ಏಟಿಗೆ ಕೆಳಗಿಳಿಯುತ್ತದೆಯೇ? ಡಬ್ಬಿಯ ಮೇಲೆ ಜೂಮ್ ಎಂಬ ಪದದ ಪಕ್ಕದಲ್ಲಿ ಏನೆಂದು ಬರೆದಿದೆ?

ಸಾಗರದವಳು

ಲೆನ್ಸ್ ಅಲ್ಲಾಡುವುದೇ ಇಲ್ಲ, ಗಾಜು ಒಳಗೇ ಇದೆ. ಗುಂಡಿ ಒಂದೇ ಏಟಿಗೆ "ಟಕ್" ಎನ್ನುತ್ತದೆ. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ "ಡಿಜಿಟಲ್ ಜೂಮ್" ಎಂದಿದೆ. ಅರ್ಧ ಒತ್ತುವುದೆಂದರೆ ಏನು ಸರ್?

ಹಳೆಯ ಶಟರ್

ಹಾಗಾದರೆ ಇದನ್ನು ಮೊದಲು ನಿಮ್ಮ ತಂದೆಯವರಿಗೆ ಓದಿಹೇಳಿ: ತಪ್ಪು ಅವರ ಕೈಯದಲ್ಲ. ಆ ಕ್ಯಾಮೆರಾದಲ್ಲಿ ಮದನಿಕೆಯ ಮುಖ ಯಾರ ಕೈಗೂ ಸಿಗುತ್ತಿರಲಿಲ್ಲ.

ನಿಜವಾದ ಜೂಮ್‌ನಲ್ಲಿ ಲೆನ್ಸಿನೊಳಗಿನ ಗಾಜುಗಳು ಸರಿದಾಡಿ ದೂರದ್ದನ್ನು ಹತ್ತಿರ ತರುತ್ತವೆ. ಅದು ಆಪ್ಟಿಕಲ್ ಜೂಮ್. ಡಿಜಿಟಲ್ ಜೂಮ್ ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುತ್ತದೆ, ಅಷ್ಟೇ. 16 ಪಟ್ಟು ಹಿಗ್ಗಿಸಿದರೆ ಉದ್ದದಲ್ಲಿ ಹದಿನಾರನೇ ಒಂದು, ಅಗಲದಲ್ಲೂ ಹದಿನಾರನೇ ಒಂದು ಭಾಗ ಉಳಿಯುತ್ತದೆ. ಅಂದರೆ 256ರಲ್ಲಿ ಒಂದು ಪಾಲು. 48 ಮೆಗಾಪಿಕ್ಸೆಲ್ (ಅಂದರೆ 4.8 ಕೋಟಿ ಚುಕ್ಕಿ) ಎಂಬುದು ನಿಜವೆಂದೇ ಇಟ್ಟುಕೊಂಡರೂ ಆ ಮುಖಕ್ಕೆ ಸಿಕ್ಕಿದ್ದು ಎರಡು ಲಕ್ಷ ಪಿಕ್ಸೆಲ್‌ಗಳಿಗಿಂತ ಕಡಿಮೆ. ಇಂಥ ಅಗ್ಗದ ಕ್ಯಾಮೆರಾಗಳಲ್ಲಿ ಆ 48 ಕೂಡ ಬಹುಮಟ್ಟಿಗೆ ಸಾಫ್ಟ್‌ವೇರ್ ಊದಿಸಿದ ಸಂಖ್ಯೆ.

ಇನ್ನು ಗುಂಡಿ. ಸರಿಯಾದ ಕ್ಯಾಮೆರಾದ ಶಟರ್ ಗುಂಡಿಗೆ ಎರಡು ಹಂತ ಇರುತ್ತದೆ. ಅರ್ಧ ಒತ್ತಿ ಹಿಡಿದರೆ ಫೋಕಸ್ ಕೂರುತ್ತದೆ, ಪರದೆಯ ಮೇಲೆ ಹಸಿರು ಚೌಕ ಮೂಡಿ "ಪಿಪ್" ಎನ್ನುತ್ತದೆ. ಆಮೇಲೆ ಪೂರ್ತಿ ಒತ್ತಿದರೆ ಚಿತ್ರ. ನಿಮ್ಮ ಕ್ಯಾಮೆರಾದಲ್ಲಿ ಆ ಮೊದಲ ಹಂತವೇ ಇಲ್ಲ. ಲೆನ್ಸಿನ ಫೋಕಸ್ ಒಂದೇ ದೂರಕ್ಕೆ ಬಿಗಿದಿದೆ. ಅಲುಗಾಟ ತಡೆಯುವ ವ್ಯವಸ್ಥೆಯೂ ಇರುವುದಿಲ್ಲ. ನವರಂಗದ ಕತ್ತಲೆಯಲ್ಲಿ ಅದು ಬೆಳಕು ಒಳಬಿಡುವ ಶಟರನ್ನು ಹೆಚ್ಚು ಹೊತ್ತು ತೆರೆದಿಡಲೇಬೇಕು, ಅಷ್ಟು ಹೊತ್ತು ನಿಮ್ಮ ಕೈಯೂ ನನ್ನ ಕೈಯೂ ಅಲುಗುತ್ತದೆ.

ವಾಪಸು ಮಾಡುವ ಅವಧಿ ಮುಗಿದಿರದಿದ್ದರೆ ಇಂದೇ ಮರಳಿಸಿ.

ಕೊಡಚಾದ್ರಿ

ನನ್ನ ಅಭಿಪ್ರಾಯ ಬೇರೆ. 45,000ಕ್ಕೆ ಕ್ಯಾಮೆರಾ ಏಕೆ? ಅದೇ ದುಡ್ಡಿಗೆ ಇನ್ನೂ ಒಳ್ಳೆಯ ಫೋನ್ ಬರುತ್ತದೆ. ಕತ್ತಲೆಯಲ್ಲಿ ಫೋನ್ ಒಂದರ ಮೇಲೊಂದು ಹಲವು ಚಿತ್ರ ತೆಗೆದು ಸೇರಿಸಿಕೊಡುತ್ತದೆ. ಸಣ್ಣ ಕ್ಯಾಮೆರಾಗಳು ಅದರ ಹತ್ತಿರವೂ ಬರುವುದಿಲ್ಲ.

ಹಳೆಯ ಶಟರ್

ಕತ್ತಲೆಯ ವಿಷಯದಲ್ಲಿ ನೀವು ಹೇಳಿದ್ದು ಸರಿ. ಆದರೆ ಇಲ್ಲಿರುವ ತೊಡಕು ಬೆರಳು ಮತ್ತು ಪರದೆಯದು, ಇನ್ನೊಂದು ಫೋನ್ ತಂದರೆ ಅದೇ ತೊಡಕು ಇನ್ನೂ ದೊಡ್ಡ ಗಾಜಿನ ಮೇಲೆ ಬರುತ್ತದೆ. ಅಪ್ಪನವರು ಕೇಳಿದ್ದು ಗುಂಡಿಯನ್ನು. ಅದನ್ನು ಕೊಡಿಸೋಣ.

ನಾನು ಎರಡು ದಾರಿ ಹೇಳುತ್ತೇನೆ. ಮೆಗಾಪಿಕ್ಸೆಲ್ ಮರೆತುಬಿಡಿ, ಎರಡು ಕಡೆಯೂ ಸುಮಾರು 20 ಇದೆ.

ಮೊದಲನೆಯದು ಒಂದು ಇಂಚಿನ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್, ಇರುವ ಕ್ಯಾಮೆರಾ. ಸೋನಿ ಆರ್‌ಎಕ್ಸ್100 ಸರಣಿ 2012ರಲ್ಲಿ ಈ ದಾರಿ ತೆರೆಯಿತು. ಕ್ಯಾನನ್ ಪವರ್‌ಶಾಟ್ ಜಿ7 ಎಕ್ಸ್ ಮಾರ್ಕ್ 2 ಕೂಡ ಇದೇ ಗುಂಪು. ಒಂದು ಇಂಚು ಎಂಬುದು ಹೆಸರಿಗಷ್ಟೇ, ಸೆನ್ಸರಿನ ನಿಜ ಅಳತೆ 13.2 × 8.8 ಮಿ.ಮೀ.; ಲೆನ್ಸ್ ಎಫ್/1.8ರಷ್ಟು ಅಗಲಕ್ಕೆ ತೆರೆಯುತ್ತದೆ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು), ಜೂಮ್ 24ರಿಂದ 100 ಮಿ.ಮೀ. (ಈ ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಬರುತ್ತದೆ).

ಎರಡನೆಯದು ಉದ್ದ ಜೂಮಿನ ಪ್ರವಾಸಿ ಕ್ಯಾಮೆರಾ. ಕ್ಯಾನನ್ ಪವರ್‌ಶಾಟ್ ಎಸ್‌ಎಕ್ಸ್740 ಎಚ್‌ಎಸ್ ಎಂಬುದು 24ರಿಂದ 960 ಮಿ.ಮೀ.ವರೆಗೆ, ಅಂದರೆ 40 ಪಟ್ಟು, ಅದೂ ಆಪ್ಟಿಕಲ್. ತೂಕ ಸುಮಾರು 300 ಗ್ರಾಂ. ಆದರೆ ಸೆನ್ಸರ್ 6.2 × 4.6 ಮಿ.ಮೀ. ಮಾತ್ರ, ಹೆಚ್ಚುಕಡಿಮೆ ಹೆಸರುಕಾಳಿನಷ್ಟು. ಲೆನ್ಸ್ ಎಫ್/3.3ರಿಂದ ಶುರು, ಪೂರ್ತಿ ಜೂಮಿಗೆ ಎಫ್/6.9.

ಲೆಕ್ಕ ಹಾಕಿದರೆ, ಜೂಮ್ ಮಾಡದೆ ಒಂದೇ ಶಟರ್ ವೇಗದಲ್ಲಿ ತೆಗೆದಾಗ ಮೊದಲನೆಯದರ ಸೆನ್ಸರ್ ಮೇಲೆ ಬೀಳುವ ಒಟ್ಟು ಬೆಳಕು ಎರಡನೆಯದಕ್ಕಿಂತ ಹದಿಮೂರು ಪಟ್ಟಿಗೂ ಹೆಚ್ಚು. ಗುಡಿಯೊಳಗಿನ ಕಂಬ, ಸಂಜೆ ಜಗಲಿಯಲ್ಲಿ ಆಡುವ ಮೊಮ್ಮಕ್ಕಳು, ಇವೆಲ್ಲ ಬೇಕಾದರೆ ಮೊದಲನೆಯದು. ಕೇಳಿದರೆ ನಾನು ಅದನ್ನೇ ಹೇಳುವವನು. ಕೊಳ್ಳುವ ಮುನ್ನ ತಂದೆಯವರನ್ನು ಅಂಗಡಿಗೆ ಕರೆದುಕೊಂಡು ಹೋಗಿ ಎರಡನ್ನೂ ಅವರ ಕೈಗೆ ಕೊಡಿ. ನೀವು ಸುಮ್ಮನೆ ಪಕ್ಕದಲ್ಲಿ ನಿಂತು ನೋಡಿ. ಯಾವುದರ ಗುಂಡಿಯನ್ನು ಅವರ ಬೆರಳು ತಾನಾಗಿ ಹುಡುಕಿಕೊಳ್ಳುತ್ತದೆ, ಪರದೆಯ ಅಕ್ಷರ ಕನ್ನಡಕದಲ್ಲಿ ಓದಲು ಆಗುತ್ತದೆಯೇ, ಅಂಗಡಿಯ ಹೊರಗೆ ಬಿಸಿಲಲ್ಲಿ ಪರದೆ ಕಾಣುತ್ತದೆಯೇ ನೋಡಿಕೊಳ್ಳಿ. ಈ ಎರಡು ಕ್ಯಾನನ್‌ಗಳಲ್ಲೂ ಕಣ್ಣಿಗಿಟ್ಟು ನೋಡುವ ವ್ಯೂಫೈಂಡರ್ ಇಲ್ಲ. ಆರ್‌ಎಕ್ಸ್100ರ ಮೂರನೆಯ ಮಾದರಿಯಿಂದ ಮುಂದಿನವುಗಳಲ್ಲಿ ಇದೆ, ಆದರೆ ಅವುಗಳ ಮೆನು ಹೊಸಬರಿಗೆ ಕಾಡು.

ಸಾಗರದವಳು

ನಿನ್ನೆ ಶಿವಮೊಗ್ಗಕ್ಕೆ ಹೋಗಿದ್ದೆವು. ಒಂದು ಅಂಗಡಿಯಲ್ಲಿ ಎರಡೂ ಮಾದರಿ ಸಿಕ್ಕವು, ಜಿ7 ಎಕ್ಸ್ ಮಾತ್ರ ಬಳಸಿದ್ದು. ಅದನ್ನು ಅಪ್ಪ ಮರ್ಯಾದೆಯಿಂದ ಹಿಡಿದು ನೋಡಿ ಕೆಳಗಿಟ್ಟರು. ಎಸ್‌ಎಕ್ಸ್740 ಹಿಡಿದು ಬಾಗಿಲಿಗೆ ಹೋದರು. ರಸ್ತೆಯಾಚೆ ಮರದ ತುದಿಯಲ್ಲಿ ಒಂದು ಗರುಡ ಕೂತಿತ್ತು. ಜೂಮ್ ಸನ್ನೆ ತಿರುಗಿಸುತ್ತಾ ಹೋದ ಹಾಗೆ ಅದರ ಕಣ್ಣಿನ ಸುತ್ತಲಿನ ಬಿಳಿ ಗರಿ ಪರದೆಯ ತುಂಬ ಬಂತು. ಅಪ್ಪ ಉಸಿರು ಬಿಗಿಹಿಡಿದು ನಿಂತಿದ್ದರು. ಆಮೇಲೆ ಅದನ್ನು ಕೈಯಿಂದ ಬಿಡಲೇ ಇಲ್ಲ. ಅದರಲ್ಲಿ ಟಚ್ ಪರದೆ ಇಲ್ಲದಿರುವುದು, ಎಲ್ಲಕ್ಕೂ ಗುಂಡಿಯೇ ಇರುವುದು ಅವರಿಗೆ ಬಹಳ ಹಿಡಿಸಿತು.

ನಿಮ್ಮ ಸಲಹೆ ಮೀರಿ ಅದನ್ನೇ ಕೊಂಡೆ ಸರ್. ನವರಂಗದ ಗತಿ ಏನು?

ಹಳೆಯ ಶಟರ್

ಮೀರಿದ್ದೇನೂ ಇಲ್ಲ. ಕೈಗೆ ಒಗ್ಗಿದ್ದೇ ಸುಲಭದ ಕ್ಯಾಮೆರಾ. ಇನ್ನು ನಾನು ಹೇಳುವಂತೆ ಮಾಡಿಸಿ.

ಮೇಲಿನ ಚಕ್ರವನ್ನು ಆಟೋದಲ್ಲೇ ಬಿಡಿ. ಕತ್ತಲೆಯಲ್ಲಿ ಜೂಮ್ ಮುಟ್ಟಬಾರದು. ಚಿತ್ರ ದೊಡ್ಡದಾಗಬೇಕೆಂದರೆ ಎರಡು ಹೆಜ್ಜೆ ಮುಂದೆ ಹೋಗಬೇಕು, ಏಕೆಂದರೆ ಜೂಮ್ ಮಾಡಿದಂತೆಲ್ಲ ಬೆಳಕು ಕಡಿಮೆಯಾಗುತ್ತದೆ, ಅಲುಗಾಟ ಹೆಚ್ಚುತ್ತದೆ. ಎರಡು ಸೆಕೆಂಡಿನ ಟೈಮರ್ ಹಾಕಿ, ಕ್ಯಾಮೆರಾವನ್ನು ಕಲ್ಲಿನ ಜಗಲಿಯಂಥ ಗಟ್ಟಿ ಜಾಗದ ಮೇಲಿಟ್ಟು ಗುಂಡಿ ಒತ್ತಿ ಕೈ ತೆಗೆಯಲಿ. ಆಗ ನಡುಕದ ಪ್ರಶ್ನೆಯೇ ಬರುವುದಿಲ್ಲ. ಇಡಲು ಜಾಗವಿಲ್ಲದಿದ್ದರೆ ಕೊರಳಿಗೆ ಪಟ್ಟಿ ಹಾಕಿ ಕ್ಯಾಮೆರಾವನ್ನು ಮುಂದಕ್ಕೆ ಬಿಗಿಯಾಗಿ ಎಳೆದು ಹಿಡಿಯಲಿ, ಮೊಣಕೈ ಪಕ್ಕೆಗೆ ಒತ್ತಿರಲಿ.

ದೂರದ್ದಕ್ಕೆ ಇನ್ನೊಂದು ಗುಟ್ಟು. ಪೂರ್ತಿ ಜೂಮ್ ಮಾಡಿದಾಗ ಹಕ್ಕಿ ಚೌಕಟ್ಟಿನಿಂದ ತಪ್ಪಿಹೋಗುತ್ತದೆ. ಹುಡುಕುತ್ತಾ ಕ್ಯಾಮೆರಾ ಅಲ್ಲಾಡಿಸಿದಷ್ಟೂ ಕಳೆದುಹೋಗುತ್ತದೆ. ಈ ಮಾದರಿಯಲ್ಲಿ ಅದಕ್ಕೆಂದೇ ಒಂದು ಗುಂಡಿ ಇದೆ. ಒತ್ತಿ ಹಿಡಿದರೆ ಜೂಮ್ ಹಿಂದೆ ಸರಿದು ಸುತ್ತಲಿನ ಕೊಂಬೆಯೆಲ್ಲ ಕಾಣುತ್ತದೆ, ಹಕ್ಕಿಯನ್ನು ನಡುವೆ ತಂದು ಗುಂಡಿ ಬಿಟ್ಟರೆ ಮೊದಲಿದ್ದ ಜಾಗಕ್ಕೇ ಜೂಮ್ ಮರಳುತ್ತದೆ. ರಂಗನತಿಟ್ಟಿನ ದೋಣಿಯಲ್ಲಿ ಇದು ಬಹಳ ಉಪಯೋಗಕ್ಕೆ ಬರುತ್ತದೆ.

ಬ್ಯಾಟರಿ ಒಮ್ಮೆ ಚಾರ್ಜ್ ಮಾಡಿದರೆ ಕಂಪನಿಯ ಲೆಕ್ಕದಲ್ಲಿ ಸುಮಾರು 265 ಚಿತ್ರ. ಇನ್ನೊಂದು ಬ್ಯಾಟರಿ ಜೇಬಿನಲ್ಲಿರಲಿ. ವಿಮಾನದಲ್ಲಿ ಹೋದರೆ ಅದನ್ನು ಕೈಚೀಲದಲ್ಲೇ ಇಡಬೇಕು, ಲಗೇಜಿಗೆ ಹಾಕುವಂತಿಲ್ಲ.

ಆಗುಂಬೆ ಮಳೆ

ಮಲೆನಾಡಿನವರಾದ್ದರಿಂದ ನನ್ನದೊಂದು ಮಾತು. ಮಳೆಗಾಲದಲ್ಲಿ ಕ್ಯಾಮೆರಾವನ್ನು ಬಟ್ಟೆಯ ಬೀರುವಿನಲ್ಲಿ ಇಡಲೇಬೇಡಿ. ಲೆನ್ಸಿಗೆ ಫಂಗಸ್ ಹಿಡಿಯುತ್ತದೆ, ಗಾಜಿನೊಳಗೆ ಜೇಡರ ಬಲೆಯಂತೆ ಹರಡುತ್ತದೆ, ಹೊರಗಿನಿಂದ ಒರೆಸಿದರೆ ಹೋಗುವುದಿಲ್ಲ. ಇಂಥ ಪುಟ್ಟ ಕ್ಯಾಮೆರಾದ ಲೆನ್ಸ್ ಬಿಚ್ಚಿಸಿ ತೊಳೆಸುವ ಖರ್ಚಿಗೆ ಅರ್ಥವೂ ಇಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಒಂದು ಹಿಡಿ ಸಿಲಿಕಾ ಜೆಲ್ ಸಾಕು. ಬಣ್ಣ ಬದಲಾಗುವ ಹರಳು ತಂದರೆ ತೇವ ಕುಡಿದದ್ದು ಕಣ್ಣಿಗೇ ಕಾಣುತ್ತದೆ. ವಾರಕ್ಕೊಮ್ಮೆ ಹೊರತೆಗೆದು ನಾಲ್ಕು ಫೋಟೊ ತೆಗೆಯಲಿ. ಚರ್ಮದ ಚೀಲದಲ್ಲಿ ಇಡುವುದಂತೂ ಬೇಡವೇ ಬೇಡ.

ಸಾಗರದವಳು

ತಡವಾಗಿ ಬರೆಯುತ್ತಿದ್ದೇನೆ. ಈ ಭಾನುವಾರ ಅಪ್ಪನನ್ನು ನಾನೇ ಬೇಲೂರಿಗೆ ಕರೆದುಕೊಂಡು ಹೋಗಿದ್ದೆ. ಹೊರಗಿನ ಮದನಿಕೆಯರು ಮೂವತ್ತೆಂಟೂ ಆಗುವವರೆಗೆ ಅವರು ಪ್ರದಕ್ಷಿಣೆ ನಿಲ್ಲಿಸಲಿಲ್ಲ. ದರ್ಪಣ ಸುಂದರಿಯ ಕನ್ನಡಿ ಹಿಡಿದ ಕೈಯಲ್ಲಿ ಬೆರಳಿನ ಗೆಣ್ಣುಗಳನ್ನೂ ಎಣಿಸಬಹುದು. ನವರಂಗದೊಳಗೆ ಕ್ಯಾಮೆರಾವನ್ನು ಕಲ್ಲಿನ ಜಗಲಿಯ ಅಂಚಿನಲ್ಲಿ ಕರವಸ್ತ್ರದ ಮೇಲಿಟ್ಟು ಟೈಮರ್ ಹಾಕಿದರು. ಕಂಬದ ತಿರುಗಣೆ ಗೆರೆಗಳು ಒಂದೊಂದೂ ಬಿಡಿಬಿಡಿಯಾಗಿ ಬಂದಿವೆ. ಮನೆಗೆ ಬಂದವರಿಗೆಲ್ಲ ಕೈ ಮುಂದೆ ಚಾಚಿ, "ಇದೇ ಕೈಯಲ್ಲಿ ತೆಗೆದದ್ದು" ಎಂದು ತೋರಿಸುತ್ತಿದ್ದಾರೆ.

ಅವರದೊಂದು ಪ್ರಶ್ನೆ ಇದೆ. ಹಿಂದಿನ ರೀಲ್ ಕ್ಯಾಮೆರಾದಂತೆ ಫೋಟೊದ ಮೂಲೆಯಲ್ಲಿ ತಾರೀಖು ಬರುವಂತೆ ಮಾಡಬಹುದೇ?

ಹಳೆಯ ಶಟರ್

ಆಗುತ್ತದೆ, ಮೆನುವಿನಲ್ಲಿ ತಾರೀಖಿನ ಮುದ್ರೆ ಎಂಬ ಆಯ್ಕೆ ಇದೆ. ಆದರೆ ಒಮ್ಮೆ ಚಿತ್ರದ ಮೇಲೆ ಬಿದ್ದದ್ದನ್ನು ಆಮೇಲೆ ಅಳಿಸಲು ಆಗುವುದಿಲ್ಲ. ತೆಗೆದ ದಿನ, ಸಮಯ ಹೇಗೂ ಪ್ರತಿ ಫೈಲಿನೊಳಗೆ ದಾಖಲಾಗುತ್ತದೆ. ಕ್ಯಾಮೆರಾದ ಗಡಿಯಾರ ಸರಿಯಿದೆಯೇ ಎಂದು ಮೊದಲು ನೋಡಿಕೊಳ್ಳಿ. ಮೂವತ್ತೆಂಟು ಮದನಿಕೆಯರಲ್ಲಿ ಒಂದೆರಡನ್ನು ಇಲ್ಲಿಯೂ ಹಾಕಿ, ನೋಡುವ ಆಸೆಯಾಗಿದೆ.