ನಮ್ಮವರ ವೋಟು ಯಾರಿಗೆ? ಸಮೀಕ್ಷೆ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮತದಾರರ ಸಮೀಕ್ಷೆಯನ್ನೇ ವೃತ್ತಿ ಮಾಡಿಕೊಂಡಿರುವ ಮೇಡಂ ಇವತ್ತು ಮುಂಬಯಿ ಕನ್ನಡಿಗರ ನಮ್ಮ ಗುಂಪಿನಲ್ಲಿದ್ದಾರೆ. ಊರು ಕುಂದಾಪುರ ಕಡೆ, ಈಗ ಮುಂಬಯಿ ಪಕ್ಕದ ಥಾಣೆಯಲ್ಲಿ ವಾಸ. ಜಾತಿ, ಭಾಷೆ, ದುಡಿಮೆ, ವಯಸ್ಸು ಇವೆಲ್ಲ ವೋಟಿನಲ್ಲಿ ಹೇಗೆ ಕೆಲಸ ಮಾಡುತ್ತವೆ ಅಂತ ಕೇಳಬಹುದು. ಪಕ್ಷದ ಪ್ರಚಾರ ಬೇಡ. ಫಾರ್ವರ್ಡ್ ಬೇಡ. ಗುಡ್ ಮಾರ್ನಿಂಗ್ ಫೋಟೋ ಬೇಡವೇ ಬೇಡ.

ಸಾಯನ್ ಸೀನಿಯರ್: ನಮಸ್ಕಾರ ಮೇಡಂ. ಈ ಸಲ ಯಾರು ಗೆಲ್ಲುತ್ತಾರೆ?

ಸಮೀಕ್ಷೆ ಮೇಡಂ: ನಮಸ್ಕಾರ ಸರ್. ನಾನು ಭವಿಷ್ಯ ಹೇಳುವುದಿಲ್ಲ. ಹಾಕಿದವರು ಯಾಕೆ ಹಾಗೆ ಹಾಕಿದರು ಅಂತ ಕೇಳುವುದಷ್ಟೇ ನನ್ನ ಕೆಲಸ. 2004ರಲ್ಲಿ, 2024ರಲ್ಲಿ ಎಕ್ಸಿಟ್ ಪೋಲ್‌ಗಳ ಗತಿ ಏನಾಯಿತು ಅಂತ ಟಿವಿಯಲ್ಲಿ ನೀವೇ ನೋಡಿದ್ದೀರಿ.

ಡೊಂಬಿವಲಿ ಅಕ್ಕ: ಮೇಡಂ, ನಮ್ಮ ಮನೆಯಲ್ಲಿ ಒಂದೇ ಅಡುಗೆ, ಮೂರು ಪಕ್ಷ. ಮಾವನವರಿಗೆ 78. ಹುಡುಗನಾಗಿದ್ದಾಗಲೇ ಊರಿಂದ ಬಂದು ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಆಮೇಲೆ ಕ್ಯಾಂಟೀನ್ ಕಾಂಟ್ರಾಕ್ಟ್ ಹಿಡಿದವರು. ನಮ್ಮ ಯಜಮಾನರಿಗೆ 52, ಬ್ಯಾಂಕಿನಲ್ಲಿದ್ದಾರೆ. ಮಗನಿಗೆ 22, ಐರೋಳಿಯಲ್ಲಿ ಐಟಿ. ಮೂವರೂ ಮೂರು ಕಡೆ ಹಾಕುತ್ತಾರೆ. ಒಂದೇ ಜಾತಿ, ಒಂದೇ ಭಾಷೆ, ಒಂದೇ ಮನೆ. ಊಟಕ್ಕೆ ಕೂತರೆ ಜಗಳ. ಯಾಕೆ ಹೀಗೆ?

ಸಮೀಕ್ಷೆ ಮೇಡಂ: ಅಕ್ಕಾ, ಇಂಥ ಮನೆ ಸಿಕ್ಕಿದರೆ ನಾವು ಚಹಾ ಬೇಡ ಅನ್ನದೆ ಕೂತುಬಿಡುತ್ತೇವೆ.

ವಯಸ್ಸು ಮತ್ತು ತಲೆಮಾರು ಬೇರೆ ಬೇರೆ. ಮದುವೆ, ಮನೆ ಸಾಲ, ಮಕ್ಕಳ ಫೀಸು ಬಂದ ಮೇಲೆ ಮನುಷ್ಯ ಬದಲಾಗುತ್ತಾನೆ. ಅದು ವಯಸ್ಸು. ಆದರೆ 18ರಿಂದ 25ರ ಒಳಗೆ ಕಣ್ಣೆದುರು ಏನು ನಡೆಯಿತೋ ಅದು ಸುಲಭಕ್ಕೆ ಅಳಿಯುವುದಿಲ್ಲ. ಅದು ತಲೆಮಾರು.

ನಿಮ್ಮ ಮಾವನವರನ್ನೇ ತೆಗೆದುಕೊಳ್ಳಿ. 1966ರ ಜೂನಿನಲ್ಲಿ ಶಿವಸೇನೆ ಶುರುವಾದಾಗ ಅವರು ಹತ್ತೊಂಬತ್ತರ ಆಸುಪಾಸು. 'ಬಜಾವ್ ಪುಂಗಿ, ಹಟಾವ್ ಲುಂಗಿ' (ಪುಂಗಿ ಊದಿ, ಲುಂಗಿಯ ದಕ್ಷಿಣದವರನ್ನು ಓಡಿಸಿ) ಅನ್ನುವ ಕೂಗು, ಹೋಟೆಲುಗಳ ಮೇಲೆ ಕಲ್ಲು, ಬಾಳ್ ಠಾಕ್ರೆ ಅವರ 'ಮಾರ್ಮಿಕ್' ವಾರಪತ್ರಿಕೆಯಲ್ಲಿ ಬರುತ್ತಿದ್ದ ದಕ್ಷಿಣದವರ ಹೆಸರಿನ ಪಟ್ಟಿಗಳು, ಇದೆಲ್ಲ ಅವರ ಕಾಲದ್ದು. 1967ರ ಚುನಾವಣೆಯಲ್ಲಿ ಅವರಿಗೆ ವೋಟೂ ಇರಲಿಲ್ಲ, ಆಗ 21 ತುಂಬಬೇಕಿತ್ತು. ಹೆದರಿಕೆ ಮೊದಲು ಬಂತು, ಮೊದಲ ವೋಟು ಆಮೇಲೆ. ಅಂಥವರಲ್ಲಿ ಎರಡು ಬಗೆಯವರು ನನಗೆ ಸಿಕ್ಕಿದ್ದಾರೆ. 'ಅವರಿಗೆ ಸತ್ತರೂ ಹಾಕುವುದಿಲ್ಲ' ಅನ್ನುವವರು ಒಂದು ಬಗೆ. 'ಇಲ್ಲಿ ಬದುಕಬೇಕಲ್ಲ, ಅವರ ಜೊತೆಗೇ ಇದ್ದುಬಿಡೋಣ' ಅಂತ ಗಣಪತಿ ಮಂಡಳಕ್ಕೆ ವಂತಿಗೆ ಕೊಟ್ಟು, ನಿಧಾನಕ್ಕೆ ವೋಟೂ ಕೊಟ್ಟವರು ಇನ್ನೊಂದು. ಎರಡರ ಬೇರೂ ಆ ಒಂದೇ ಭಯ.

ನಿಮ್ಮ ಯಜಮಾನರು 18 ಆದದ್ದು 1991ರ ಹೊತ್ತಿಗೆ. ವೋಟಿನ ವಯಸ್ಸು 18ಕ್ಕೆ ಇಳಿದು ಎರಡೇ ವರ್ಷ ಆಗಿತ್ತು. ಮಂಡಲ್ ಮೀಸಲಾತಿ, ಅಯೋಧ್ಯೆಯ ಮಂದಿರ, ಆರ್ಥಿಕ ಉದಾರೀಕರಣ, ಮುಂಬಯಿ ಗಲಭೆ, 1993ರ ಸ್ಫೋಟ, ಎಲ್ಲ ಮೂರು ವರ್ಷದೊಳಗೆ. ಅವರ ತಲೆಮಾರಿಗೆ 'ನಮ್ಮವರು, ಪರರು' ಅನ್ನುವ ಗೆರೆ ಭಾಷೆಯಿಂದ ಧರ್ಮಕ್ಕೆ ಸರಿಯಿತು. ಲುಂಗಿ ಅಂತ ಬೈಸಿಕೊಂಡವರ ಮಕ್ಕಳನ್ನೇ ಆ ಗೆರೆಯ ಒಳಗೆ ಕರೆದುಕೊಂಡರು.

ನಿಮ್ಮ ಮಗನ ಮರಾಠಿ ಬಹುಶಃ ಅವನ ಕನ್ನಡಕ್ಕಿಂತ ಚೆನ್ನಾಗಿರುತ್ತದೆ. ಅವನಿಗೆ ಇದೆಲ್ಲ ಅಜ್ಜನ ಕಥೆ. ಅವನ ಪ್ರಶ್ನೆ ಲೋಕಲ್ ಟ್ರೇನಿನ ಬಾಗಿಲಲ್ಲಿ ನೇತಾಡುವುದು, ಬಾಡಿಗೆ, ಕೆಲಸ ಉಳಿಯುತ್ತದಾ ಅನ್ನುವುದು. ಹಾಗಂತ ಯುವಕರೆಲ್ಲ ಒಂದೇ ಅಂತಲ್ಲ. ಐರೋಳಿಯ ಅದೇ ಕಟ್ಟಡದ ಕೆಳಗೆ ಡೆಲಿವರಿ ಬ್ಯಾಗ್ ಹಿಡಿದು ನಿಂತಿರುವ 22ರ ಹುಡುಗ ಬೇರೆಯೇ ಲೆಕ್ಕ ಹಾಕುತ್ತಾನೆ.

ಒಂದು ಮಾತು ಅಕ್ಕಾ. ವೋಟು ನಾಲ್ಕಿದೆ, ನೀವು ಮೂರರ ಲೆಕ್ಕ ಕೊಟ್ಟಿದ್ದೀರಿ. ನಿಮ್ಮದು?

ಡೊಂಬಿವಲಿ ಅಕ್ಕ: ಅಯ್ಯೋ, ನನ್ನನ್ನು ಯಾರು ಕೇಳುತ್ತಾರೆ ಮೇಡಂ 😄 ಯಜಮಾನರು ಹೇಳಿದ ಕಡೆ ಹಾಕಿದೆ ಅಂತ ಹೇಳುತ್ತೇನೆ.

ಸಮೀಕ್ಷೆ ಮೇಡಂ: 'ಅಂತ ಹೇಳುತ್ತೇನೆ.' ಅರ್ಥವಾಯಿತು. ಅದಕ್ಕೇ ನಾವು ಬಾಯಲ್ಲಿ ಕೇಳುವುದಿಲ್ಲ. ಚಿಹ್ನೆ ಅಚ್ಚು ಹಾಕಿದ ಚೀಟಿ ಕೊಟ್ಟು, ಗುರುತು ಮಾಡಿ ಮಡಚಿ ಡಬ್ಬಿಗೆ ಹಾಕಿ ಅನ್ನುತ್ತೇವೆ. ಪರೇಲಿನ ಒಂದು ಚಾಳಿನಲ್ಲಿ (ವಠಾರದಲ್ಲಿ) ಗಂಡ ಬಾಗಿಲಿಗೆ ಒರಗಿ ನಿಂತಿದ್ದ. ಆಕೆ ಚೀಟಿ ಹಿಡಿದು 'ಬೆಳಕು ಸಾಲದು' ಅಂತ ಪಾತ್ರೆ ತೊಳೆಯುವ ಮೋರಿ ಕಡೆ ತಿರುಗಿ, ಬೆನ್ನು ಮಾಡಿ ಗುರುತು ಹಾಕಿ, ನಾಲ್ಕು ಮಡಿಕೆ ಮಾಡಿ ತಂದು ಹಾಕಿದಳು. ಗಂಡ ಮಾತ್ರ 'ನಾವಿಬ್ಬರೂ ಒಂದೇ' ಅನ್ನುತ್ತಲೇ ಇದ್ದ.

ಮೀರಾ ರೋಡ್ ಶೆಟ್ರು: ಹೆಂಗಸರ ವೋಟು ಅಂದರೆ ಈಗ 1500 ರೂಪಾಯಿ ಅಷ್ಟೇ. ಮಹಾರಾಷ್ಟ್ರ ಸರ್ಕಾರ ಹೆಂಗಸರಿಗೆ ಕೊಡುವ ಲಾಡ್ಕಿ ಬಹಿಣ್ ದುಡ್ಡು ಬಂತು, ವೋಟು ಹೋಯಿತು. ನಮ್ಮ ತೆರಿಗೆ ದುಡ್ಡು ಮಾರಾಯ್ರೆ.

ಸಮೀಕ್ಷೆ ಮೇಡಂ: 12 ಲಕ್ಷದವರೆಗೆ ತೆರಿಗೆ ಇಲ್ಲ ಅಂತ 2025ರಲ್ಲಿ ಬಜೆಟ್ ಬಂದಾಗ ನಮ್ಮ ಸೊಸೈಟಿ ಗ್ರೂಪಿನಲ್ಲಿ ಲಡ್ಡು ಇಮೋಜಿ ಸುರಿಯಿತು. ಆಗ ಯಾರೂ ವೋಟು ಮಾರಾಟ ಅನ್ನಲಿಲ್ಲ. ಬಡವರಿಗೆ ಬಂದರೆ ಆಮಿಷ, ನಮಗೆ ಬಂದರೆ ಪರಿಹಾರ, ಅಲ್ವಾ? ಇನ್ನೊಂದು ವಿಷಯ. 2019ರ ಲೋಕಸಭೆ ಚುನಾವಣೆಯಲ್ಲೇ ಹೆಂಗಸರ ಮತದಾನದ ಪ್ರಮಾಣ ಗಂಡಸರದನ್ನು ದಾಟಿತ್ತು. ಆಗ ಈ ಯೋಜನೆ ಹುಟ್ಟೇ ಇರಲಿಲ್ಲ.

ಕಲ್ಯಾಣ್ ಕಾರ್ಕಳ: *ತಪ್ಪದೇ ಓದಿ, ಎಲ್ಲರಿಗೂ ಕಳಿಸಿ* ಲಿಸ್ಟಿನಲ್ಲಿ ಹೆಸರಿಲ್ಲದಿದ್ದರೆ ಆಧಾರ್ ತೋರಿಸಿ, ಸೆಕ್ಷನ್ 49ಎ ಪ್ರಕಾರ ಚಾಲೆಂಜ್ ವೋಟ್ ಕೇಳಿ. ಬೂತಿನಲ್ಲಿ 14% ಟೆಂಡರ್ ವೋಟ್ ಆದರೆ ಮರುಮತದಾನ! 🙏🙏

ಸಮೀಕ್ಷೆ ಮೇಡಂ: ಸುಳ್ಳು. ಲಿಸ್ಟಿನಲ್ಲಿ ಹೆಸರಿಲ್ಲ ಅಂದರೆ ವೋಟಿಲ್ಲ, ಆಧಾರ್ ತೋರಿಸಿದರೂ ಇಲ್ಲ. ಚಾಲೆಂಜ್ ಅನ್ನುವುದು ಬೂತಿನ ಏಜೆಂಟು 'ಇವನು ಆ ಮನುಷ್ಯ ಅಲ್ಲ' ಅಂತ 2 ರೂಪಾಯಿ ಕಟ್ಟಿ ತೆಗೆಯುವ ತಕರಾರು. ನಿಮ್ಮ ಹೆಸರಲ್ಲಿ ಬೇರೆ ಯಾರೋ ಹಾಕಿಬಿಟ್ಟಿದ್ದರೆ ನಿಯಮ 49ಪಿ ಪ್ರಕಾರ ಟೆಂಡರ್ ಮತಪತ್ರ ಸಿಗುತ್ತದೆ. ಅದನ್ನು ಲಕೋಟೆಯಲ್ಲಿ ಇಡುತ್ತಾರೆ, ಮಾಮೂಲಿ ಎಣಿಕೆಗೆ ಸೇರಿಸುವುದಿಲ್ಲ. 14% ನಿಯಮ ಎಲ್ಲೂ ಇಲ್ಲ. ದಯವಿಟ್ಟು ಅಳಿಸಿ. ಇದನ್ನು ನಂಬಿ ಬೂತಿಗೆ ಹೋಗಿ ಜಗಳ ಮಾಡಿ ಬರಿಗೈಯಲ್ಲಿ ಬಂದವರನ್ನು ನೋಡಿದ್ದೇನೆ. ಮೊದಲೇ ಲಿಸ್ಟ್ ನೋಡಿ, ಹೆಸರು ಸೇರಿಸುವ ಫಾರಂ 6 ತುಂಬಿದ್ದರೆ ಮುಗಿಯುತ್ತಿತ್ತು.

ಕುರ್ಲಾದಿಂದ ಒಬ್ಬರು: ಮೇಡಂ, ನಾನು ಬಾಡಿಗೆ ಮನೆ ಬದಲಿಸಿದ್ದೇನೆ, ಓನರ್ ಅಗ್ರಿಮೆಂಟ್ ಕೊಡುತ್ತಿಲ್ಲ. ವೋಟರ್ ಕಾರ್ಡಿಗೆ ಯಾವ ದಾಖಲೆ ಕೊಡಬೇಕು?

ಸಾಯನ್ ಸೀನಿಯರ್: ಯಾರು ಏನೇ ಹೇಳಲಿ, 1967ರಲ್ಲಿ ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರನ್ನು ಸೋಲಿಸಿದ್ದು ನಮ್ಮವರ ಒಗ್ಗಟ್ಟಿನಿಂದ. ಆಗ ಆ ಒಗ್ಗಟ್ಟು ಇತ್ತು. ಈಗಿನ ಹುಡುಗರಿಗೆ ಅದು ಬೇಡ.

ಸಮೀಕ್ಷೆ ಮೇಡಂ: ಸರ್, ದಕ್ಷಿಣ ಮುಂಬಯಿಯಲ್ಲಿ ನಮ್ಮವರ ವೋಟು ಮಾತ್ರ ಬಿದ್ದಿದ್ದರೆ ಅವರಿಗೆ ಠೇವಣಿಯೂ ಉಳಿಯುತ್ತಿರಲಿಲ್ಲ. ಅವರು ಟ್ಯಾಕ್ಸಿಯವರ, ಬೆಸ್ಟ್ ಬಸ್ಸಿನವರ, ನಗರಪಾಲಿಕೆ ಕೆಲಸಗಾರರ ನಾಯಕ. ಅವರಲ್ಲಿ ಮರಾಠಿಗರು ಎಷ್ಟು, ಉತ್ತರದವರು ಎಷ್ಟು! ಆ ಸಲ ದುಡಿಮೆ ಭಾಷೆಯನ್ನು ಮೀರಿತು. ಮೂರು ವರ್ಷ ಬಿಟ್ಟು ನೋಡಿ. ಪರೇಲಿನ ಕಮ್ಯುನಿಸ್ಟ್ ಶಾಸಕ ಕೃಷ್ಣಾ ದೇಸಾಯಿ ಕೊಲೆಯಾದ ಮೇಲೆ 1970ರಲ್ಲಿ ಉಪಚುನಾವಣೆ ಆಯಿತು. ಅವರ ಹೆಂಡತಿಯೇ ನಿಂತಿದ್ದರು. ಆದರೂ ಬಟ್ಟೆ ಗಿರಣಿ ಕೆಲಸಗಾರರ ಆ ಕ್ಷೇತ್ರ ಶಿವಸೇನೆಗೆ ಮೊದಲ ಶಾಸಕನನ್ನು ಕೊಟ್ಟಿತು. ಮತ್ತೆ 1982ರ ಗಿರಣಿ ಮುಷ್ಕರ. ಅದರ ಬೆನ್ನಿಗೇ 1984ರಲ್ಲಿ, ದೇಶವೆಲ್ಲ ಕಾಂಗ್ರೆಸ್ ಅಲೆ ಇದ್ದಾಗ, ಆ ಮುಷ್ಕರದ ನಾಯಕ ದತ್ತಾ ಸಾಮಂತ್ ಪಕ್ಷೇತರರಾಗಿ ಗೆದ್ದು ಲೋಕಸಭೆಗೆ ಹೋದರು. ಜನ ಹೆಚ್ಚು ಕಡಿಮೆ ಅವರೇ. ಗಿರಣಿಯ ಒಳಗೆ ಒಂದು ಬಾವುಟ, ಚಾಳಿನಲ್ಲಿ ಇನ್ನೊಂದು. ಯಾವುದರ ನೋವು ಆ ವರ್ಷ ಜಾಸ್ತಿ ಇತ್ತೋ ಅದು ವೋಟಾಯಿತು.

ಭಾಂಡುಪ್ ಸಂಘಟಕ: ಮೇಡಂ, ಚೆನ್ನಾಗಿ ಹೇಳಿದಿರಿ. ನಮ್ಮ ವಾರ್ಡಿನಲ್ಲಿ ಒಂದು ಕೆಲಸ ಶುರು ಮಾಡಿದ್ದೇವೆ. ಯಾವ ಬಿಲ್ಡಿಂಗಿನಲ್ಲಿ ಎಷ್ಟು ಕನ್ನಡ ವೋಟು ಅಂತ ಎಕ್ಸೆಲ್ ಪಟ್ಟಿ. ಹೆಸರು, ಜಾತಿ, ಮೊಬೈಲ್ ಎಲ್ಲ ಇದೆ. ನಮಗೆ ಸಭಾಭವನಕ್ಕೆ ಜಾಗ ಕೊಡುವ ಅಭ್ಯರ್ಥಿಗೆ ಪಟ್ಟಿ ಕೊಟ್ಟು, ಇಷ್ಟು ವೋಟು ಗ್ಯಾರಂಟಿ ಅಂತ ಹೇಳುವುದು. ಇದನ್ನು ಇನ್ನೂ ವೈಜ್ಞಾನಿಕವಾಗಿ ಹೇಗೆ ಮಾಡಬಹುದು?

ಸಮೀಕ್ಷೆ ಮೇಡಂ: ಮಾಡಬೇಡಿ. ಇದಕ್ಕೆ ಉದ್ದವಾಗಿಯೇ ಬರೆಯುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡಿ.

ಮೊದಲಿಗೆ, ಆ ವೋಟು ನಿಮ್ಮದಲ್ಲ. ಹೋಟೆಲಿನ ಮಾಲೀಕರಿಗೆ ಲೈಸೆನ್ಸು, ಪಾರ್ಕಿಂಗು, ಹಫ್ತಾ ಚಿಂತೆ. ಅದೇ ಹೋಟೆಲಿನ ಮಾಳಿಗೆಯಲ್ಲಿ ಮಲಗುವ ಹುಡುಗನಿಗೆ ಪಿಎಫ್ ಇಲ್ಲ, ರೂಮಿಲ್ಲ. ಇಬ್ಬರೂ ಕನ್ನಡಿಗರು. ಇಬ್ಬರ ವೋಟನ್ನೂ ಒಂದೇ ಗಂಟು ಕಟ್ಟಿ ಯಾರಿಗೆ ಕೊಡುತ್ತೀರಿ? ಇಂಥ ಗ್ಯಾರಂಟಿ ಕೊಟ್ಟ ಮುಖಂಡರನ್ನು ಎಲ್ಲ ಸಮುದಾಯದಲ್ಲೂ ನೋಡಿದ್ದೇನೆ. ಚೀಟಿ ಡಬ್ಬಿ ತೆರೆದರೆ ಗ್ಯಾರಂಟಿ ಉಳಿಯುವುದಿಲ್ಲ.

ನನಗೆ ನಿಜವಾಗಿ ಭಯ ಇರುವುದು ಆಮೇಲಿನದು. ಮೊದಲೆಲ್ಲ ಮತಪತ್ರ ಬೆರೆಸಿ ಎಣಿಸುತ್ತಿದ್ದರು. ಈಗ ಮಷೀನು ಬೂತಿಗೊಂದು. ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಬಿತ್ತು ಅಂತ ಫಾರಂ 20ರಲ್ಲಿ ಯಾರು ಬೇಕಾದರೂ ನೋಡಬಹುದು. ಮಷೀನುಗಳನ್ನು ಒಟ್ಟು ಸೇರಿಸಿ ಎಣಿಸುವ ಟೋಟಲೈಸರ್ ಬೇಕು ಅಂತ ಚುನಾವಣಾ ಆಯೋಗವೇ ಕೇಳಿತ್ತು, ಸರ್ಕಾರ ಒಪ್ಪಲಿಲ್ಲ. ನೀವು '300 ಗ್ಯಾರಂಟಿ' ಅಂದ ಬಿಲ್ಡಿಂಗಿನ ಬೂತಿನಲ್ಲಿ 90 ಬಿತ್ತು ಅಂದುಕೊಳ್ಳಿ. ಗೆದ್ದವನ ಕೈಯಲ್ಲಿ ಹೆಸರು, ಜಾತಿ, ಫೋನ್ ನಂಬರ್ ಎಲ್ಲ ಇದೆ. ಮಳೆಗಾಲದಲ್ಲಿ ನಿಮ್ಮ ಗಲ್ಲಿಯ ಚರಂಡಿ ಎಲ್ಲಕ್ಕಿಂತ ಕೊನೆಗೆ ಕ್ಲೀನಾಗುತ್ತದೆ. ಯಾಕೆ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಂಬರ್ ಕೊಟ್ಟವರನ್ನು ಕೇಳಿ ಕೊಟ್ಟಿರಾ?

ಕಾನೂನೂ ಇದೆ. ಧರ್ಮ, ಜಾತಿ, ಸಮುದಾಯದ ಹೆಸರಲ್ಲಿ ವೋಟು ಕೇಳುವುದು ಭ್ರಷ್ಟ ಚುನಾವಣಾ ಕ್ರಮ ಅಂತ ಪ್ರಜಾಪ್ರತಿನಿಧಿ ಕಾಯ್ದೆಯ 123(3) ಹೇಳುತ್ತದೆ. ಭಾಷೆಯೂ ಅದರಲ್ಲಿ ಸೇರಿದೆ. ಅಭ್ಯರ್ಥಿ, ಅವನ ಏಜೆಂಟ್ ಅಥವಾ ಅವನ ಒಪ್ಪಿಗೆ ಇರುವ ಯಾರು ಮಾಡಿದರೂ ಅನ್ವಯ. ಅಭ್ಯರ್ಥಿಯದಷ್ಟೇ ಅಲ್ಲ, ಮತದಾರನ ಭಾಷೆ, ಜಾತಿಯೂ ಇದಕ್ಕೆ ಬರುತ್ತದೆ ಅಂತ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ಜನರ ಪೀಠ 4-3ರಲ್ಲಿ ತೀರ್ಪು ಕೊಟ್ಟಿತು. ಆ ಕೇಸು ಹುಟ್ಟಿದ್ದೇ ನಮ್ಮ ಸಾಂತಾಕ್ರೂಜ್‌ನಲ್ಲಿ, 1990ರ ವಿಧಾನಸಭೆ ಚುನಾವಣೆಯಿಂದ. 1987ರ ವಿಲೆಪಾರ್ಲೆ ಉಪಚುನಾವಣೆಯ ಭಾಷಣಕ್ಕೆ ಬಾಳ್ ಠಾಕ್ರೆ ಅವರೇ ಆರು ವರ್ಷ ವೋಟಿನ ಹಕ್ಕು ಕಳೆದುಕೊಂಡಿದ್ದರು. ಅಂಥವರನ್ನೇ ಬಿಡಲಿಲ್ಲ.

ಭಾಂಡುಪ್ ಸಂಘಟಕ: ಎಲ್ಲರೂ ಮಾಡುತ್ತಾರೆ ಮೇಡಂ. ಗುಜರಾತಿಗಳು ಮಾಡುತ್ತಾರೆ, ಉತ್ತರ ಭಾರತದವರು ಮಾಡುತ್ತಾರೆ. ನಾವು ಮಾತ್ರ ಸತ್ಯ ಹರಿಶ್ಚಂದ್ರ ಆಗಬೇಕಾ?

ಮೀರಾ ರೋಡ್ ಶೆಟ್ರು: ನಮ್ಮವರ ಒಗ್ಗಟ್ಟಿಗೆ ನಮ್ಮವರೇ ಕಲ್ಲು ಹಾಕುವುದು ಹೊಸದೇನಲ್ಲ.

ವಾಶಿ ವಿಜಯಪುರ: ಒಗ್ಗಟ್ಟು ಅಂತೀರಿ. ನಾವು ಬೆಳಗ್ಗೆ ನಾಕಾದಾಗ (ಕೂಲಿಯವರು ಸೇರೋ ಸರ್ಕಲ್‌ದಾಗ) ಕೆಲಸಕ್ಕೆ ನಿಂತಾಗ ನಿಮ್ಮ ಸಂಘದವರು ಯಾರರ ಮಾತಾಡಿಸಿದ್ದೀರೇನ್ರೀ? ಪಟ್ಟಿ ಮಾಡುವಾಗ ಮಾತ್ರ ನಾವೂ ಕನ್ನಡಿಗರು.

ಮೀರಾ ರೋಡ್ ಶೆಟ್ರು: ಹಾಗೆಲ್ಲ ಹೇಳಬೇಡಿ. ನಾಡಹಬ್ಬಕ್ಕೆ ಎಲ್ಲರಿಗೂ ಊಟ ಹಾಕುತ್ತೇವೆ.

ವಾಶಿ ವಿಜಯಪುರ: ಊಟ ಹೌದು. ಕಮಿಟಿಯಾಗ ಎಷ್ಟು ಜನ ನಮ್ಮವರು?

ಕಲ್ಯಾಣ್ ಕಾರ್ಕಳ: ಅಣ್ಣಾ, ಮೊದಲು ನಾವು ತುಳುವರು ಕನ್ನಡ ವೋಟಾ ಅಲ್ಲವಾ ಅಂತ ತೀರ್ಮಾನ ಆಗಲಿ 😂

ಸಾಯನ್ ಸೀನಿಯರ್: ಇದಕ್ಕೇ ನಾವು ಉದ್ಧಾರ ಆಗುವುದಿಲ್ಲ.

ಅಡ್ಮಿನ್: ವಿಷಯಕ್ಕೆ ಬನ್ನಿ ದಯವಿಟ್ಟು.

ವಾಶಿ ವಿಜಯಪುರ: ಮೇಡಂರೀ, ನಂದೊಂದು ಪ್ರಶ್ನೆ ಐತಿ. ನಮ್ಮ ವೋಟು ಊರಾಗ ಐತಿ. 2023ರ ಮೇ 10ಕ್ಕ ಕರ್ನಾಟಕದ ಎಲೆಕ್ಷನ್ನಿಗೆ ರಜಾ ಹಾಕಿ, ಕೂಲಿ ಬಿಟ್ಟು ಹೋಗಿ ಹಾಕಿ ಬಂದೀವಿ. ಇಲ್ಲೂ ಮಾಡಿಸಬೇಕೇನು?

ಸಮೀಕ್ಷೆ ಮೇಡಂ: ಎರಡೂ ಕಡೆ ಆಗುವುದಿಲ್ಲ ಅಣ್ಣಾ, ಅಪರಾಧ. ಒಂದೇ ಕಡೆ. ಕಾಯಂ ವಾಸ ಇಲ್ಲೇ ಆದರೆ ಇಲ್ಲಿಗೆ ಬದಲಿಸಬಹುದು. ರೇಷನ್ ಕಾರ್ಡು, ಹೊಲ, ಅವ್ವ-ಅಪ್ಪ ಎಲ್ಲ ಊರಲ್ಲಿ ಇರುವವರು ಊರಿನ ವೋಟು ಬಿಡುವುದಿಲ್ಲ. ಅದು ತಪ್ಪು ಲೆಕ್ಕ ಅಂತ ನಾನು ಹೇಳಲಾರೆ. ಆದರೆ ನಿಮ್ಮ ಝೋಪಡಿಯ ನಲ್ಲಿ, ಸಂಡಾಸಿನ ಮಾತು ನಡೆಯುವುದು ಇಲ್ಲಿ. ವೋಟಿಲ್ಲದ ಗಲ್ಲಿಗೆ ನಗರಸೇವಕ (ಕಾರ್ಪೊರೇಟರ್) ಬರುವುದಿಲ್ಲ. ಒಂದು ದಿನದ ಕೂಲಿ ಬಿಟ್ಟು ನೀವು ಅಷ್ಟು ದೂರ ಹೋದಿರಿ. ಕೊಲಾಬಾದಲ್ಲಿ 2024ರ ನವೆಂಬರಿನಲ್ಲಿ ಅರ್ಧದಷ್ಟು ಜನವೂ ಲಿಫ್ಟಿನಿಂದ ಇಳಿದು ಬರಲಿಲ್ಲ. ಜನ ವೀಕೆಂಡಿಗೆ ಓಡಿಹೋಗಬಾರದು ಅಂತ ಮತದಾನ ಬುಧವಾರ ಇಟ್ಟರೂ ಅಷ್ಟೇ.

ಸಾಯನ್ ಸೀನಿಯರ್: ನಮ್ಮ ಒಂದು ವೋಟಿನಿಂದ ಏನಾಗುತ್ತದೆ ಬಿಡಿ.

ಸಮೀಕ್ಷೆ ಮೇಡಂ: ಮುಂಬಯಿ ವಾಯವ್ಯ ಲೋಕಸಭೆ ಕ್ಷೇತ್ರ, 2024, ಗೆಲುವಿನ ಅಂತರ 48 ವೋಟು.

ಥಾಣೆ ಹುಡುಗಿ: ನೋಟಾ ಜಾಸ್ತಿ ಬಂದರೆ ಮತ್ತೆ ಎಲೆಕ್ಷನ್ ಆಗುತ್ತದಾ?

ಸಮೀಕ್ಷೆ ಮೇಡಂ: ಲೋಕಸಭೆ, ವಿಧಾನಸಭೆಗೆ ಇಲ್ಲ. ಸ್ಥಳೀಯ ಸಂಸ್ಥೆಗಳಿಗೆ ಮರುಚುನಾವಣೆ ಅಂತ ಮಹಾರಾಷ್ಟ್ರ ರಾಜ್ಯ ಚುನಾವಣಾ ಆಯೋಗ 2018ರಲ್ಲಿ ಆದೇಶ ಮಾಡಿತ್ತು.

ಕುರ್ಲಾದಿಂದ ಒಬ್ಬರು: ಮೇಡಂ, ಅಗ್ರಿಮೆಂಟ್ ಪ್ರಶ್ನೆ...

ಚೆಂಬೂರ್ ಕಾಕಾ: *ತಪ್ಪದೇ ಓದಿ* ಲಿಸ್ಟಿನಲ್ಲಿ ಹೆಸರಿಲ್ಲದಿದ್ದರೆ ಆಧಾರ್ ತೋರಿಸಿ, ಸೆಕ್ಷನ್ 49ಎ...

ಸಮೀಕ್ಷೆ ಮೇಡಂ: ಮೇಲೆ ನೋಡಿ.

ಚೆಂಬೂರ್ ಕಾಕಾ: ಮೇಲೆ ಎಲ್ಲಿ?

ಸಮೀಕ್ಷೆ ಮೇಡಂ: ಕಾಕಾ, ಬೆರಳಿನಿಂದ ಮೇಲೆ ಎಳೆಯಿರಿ. ಫಾರ್ವರ್ಡ್ ಮಾಡಲು ಬರುವ ಬೆರಳಿಗೆ ಅದೂ ಬರುತ್ತದೆ.

ಮೀರಾ ರೋಡ್ ಶೆಟ್ರು: ಹಿರಿಯರ ಹತ್ತಿರ ಹೀಗಾ ಮಾತಾಡುವುದು? ಕಲಿತವರ ಅಹಂಕಾರ.

ಥಾಣೆ ಹುಡುಗಿ: ಹಿರಿಯರು ಓದದೆ ಕಳಿಸಿದರೆ ಪರವಾಗಿಲ್ಲವಾ ಅಂಕಲ್?

ಸಾಯನ್ ಸೀನಿಯರ್: ನಿಮ್ಮ ಪೀಳಿಗೆ ಬೆರಳಿನ ಶಾಯಿಯ ಸೆಲ್ಫಿಗೆ ವೋಟು ಹಾಕುತ್ತದೆ.

ಥಾಣೆ ಹುಡುಗಿ: ಹಾಕುತ್ತೇವಲ್ಲ.

ಸಮೀಕ್ಷೆ ಮೇಡಂ: ಭಾಂಡುಪ್‌ನವರೇ, ಆ ಪಟ್ಟಿ ಅಳಿಸಿದಿರಾ?

ಭಾಂಡುಪ್ ಸಂಘಟಕ: ಕಮಿಟಿಯಲ್ಲಿ ಇಟ್ಟು ಹೇಳುತ್ತೇನೆ ಮೇಡಂ. ನಾನೊಬ್ಬನೇ ತೀರ್ಮಾನ ಮಾಡಲು ಆಗುವುದಿಲ್ಲ.

ಸಮೀಕ್ಷೆ ಮೇಡಂ: ಹೆಸರು ಕೊಟ್ಟವರೂ ಹಾಗೇ ಅಂದುಕೊಂಡಿರುತ್ತಾರೆ. ಯಾರ ಕೈಗೂ ಕೊಟ್ಟಿಲ್ಲ ತಾನೇ?

ಭಾಂಡುಪ್ ಸಂಘಟಕ: ಒಬ್ಬರಿಗೆ ಮೇಲ್ ಮಾಡಿದ್ದೇವೆ. ಸ್ಯಾಂಪಲ್‌ಗೆ ಅಂತ, ಎರಡು ಬಿಲ್ಡಿಂಗಿನದ್ದು ಮಾತ್ರ.

ವಾಶಿ ವಿಜಯಪುರ: ಯಾವ ಬಿಲ್ಡಿಂಗ್ರೀ?

ಅಡ್ಮಿನ್: ಕಾಮೆಂಟ್ ಮುಚ್ಚಿದ್ದೇನೆ. ಮೇಡಂಗೆ ಧನ್ಯವಾದ. ಭಾಂಡುಪ್‌ನವರು ನನಗೆ ಫೋನ್ ಮಾಡಿ.