ಶಿಬಿರದಲ್ಲಿ "ನಿಮಗೆ ಬಿ.ಪಿ. ಇದೆ" ಎಂದು ಹೇಳಿ ಬಂದೆವು, ಮುಂದೆ ಅವರನ್ನು ನೋಡುವವರು ಯಾರು?

ಪ್ರಶ್ನೆ: ಎನ್‌ಎಸ್‌ಎಸ್ ಸ್ವಯಂಸೇವಕಿ, ಮಂಡ್ಯ

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ. ನರ್ಸಿಂಗ್ ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಜನವರಿಯಲ್ಲಿ ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್ ಘಟಕದ ಏಳು ದಿನಗಳ ವಿಶೇಷ ಶಿಬಿರ ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಡೆಯಿತು. ಶಾಲೆಯ ಕೊಠಡಿಗಳಲ್ಲಿ ಮಲಗುತ್ತಿದ್ದೆವು. ಬೆಳಿಗ್ಗೆ ಶ್ರಮದಾನ, ಸಂಜೆ ಹಾಡು, ನಾಟಕ. ಐದನೆಯ ದಿನ ಆರೋಗ್ಯ ತಪಾಸಣೆ. ವೈದ್ಯರು ಹೊರಗಿನಿಂದ ಬಂದಿದ್ದರು. ಹೆಸರು ಬರೆಯುವುದು, ತೂಕ, ಬಿ.ಪಿ., ಬೆರಳು ಚುಚ್ಚಿ ಸಕ್ಕರೆ ಅಂಶ ನೋಡುವುದು ನಮ್ಮ ಪಾಲಿನ ಕೆಲಸ.

ಆ ದಿನದ ಒಂದು ಸಂಗತಿ ಇನ್ನೂ ನನ್ನ ಮನಸ್ಸಿನಿಂದ ಹೋಗಿಲ್ಲ. ಆಲೆಮನೆಯಿಂದ ನೇರವಾಗಿ ಒಬ್ಬರು ಅಜ್ಜ ಬಂದರು. ಕೈಯನ್ನು ಪಂಚೆಗೆ ಒರೆಸಿಕೊಂಡು ಬೆರಳು ಚಾಚಿದರು. ಸಾಲು ಉದ್ದವಿತ್ತು, ನಾನು ಸ್ಪಿರಿಟ್ ಹತ್ತಿಯನ್ನು ಒಮ್ಮೆ ಸವರಿ ಚುಚ್ಚಿದೆ. ಯಂತ್ರ 412 ತೋರಿಸಿತು. ನಾನು ಆ ಸಂಖ್ಯೆಯನ್ನು ಗಟ್ಟಿಯಾಗಿ ಓದಿದ್ದು ದೊಡ್ಡ ತಪ್ಪು. ಸುತ್ತ ನಿಂತವರು "ಅಯ್ಯೋ" ಎಂದರು, ಅಜ್ಜ ಕುಳಿತಲ್ಲೇ ಬೆವರಿದರು. ನಮ್ಮ ಹಿರಿಯ ವಿದ್ಯಾರ್ಥಿನಿಯೊಬ್ಬರು ಬಂದು ಅಜ್ಜನ ಕೈ ತಿರುಗಿಸಿ ನೋಡಿದರು. ಉಗುರಿನ ಸಂದಿಯಲ್ಲಿ ಬೆಲ್ಲದ ಪಾಕ ಕಂದು ಬಣ್ಣಕ್ಕೆ ಒಣಗಿ ಅಂಟಿಕೊಂಡಿತ್ತು. ನಲ್ಲಿಯ ಬಳಿ ಕರೆದೊಯ್ದು ಸೋಪಿನಿಂದ ಉಜ್ಜಿ ತೊಳೆಸಿ, ಒರೆಸಿ, ಬೇರೆ ಬೆರಳಿನಿಂದ ನೋಡಿದರೆ 118! ಅಜ್ಜನಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಕಬ್ಬಿನ ಸೀಮೆಯಲ್ಲಿ ಶಿಬಿರ ಮಾಡುವವರು ಮೇಜಿನ ಪಕ್ಕದಲ್ಲಿ ಮೊದಲು ಒಂದು ಬಕೆಟ್ ನೀರು, ಸೋಪು ಇಡಬೇಕು ಎಂದು ಅಂದು ಕಲಿತೆ.

ನನ್ನ ಪ್ರಶ್ನೆ ಬೇರೆ. ಅಂದು 214 ಜನರನ್ನು ನೋಡಿದೆವು. 47 ಜನರ ಬಿ.ಪಿ. 140/90 ದಾಟಿತ್ತು. ಅವರಿಗೆಲ್ಲ ಹಳದಿ ಚೀಟಿ ಬರೆದುಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಎಂದು ಹೇಳಿದೆವು. ಮಾರ್ಚಿನಲ್ಲಿ ನಾನು ಮತ್ತು ಇಬ್ಬರು ಗೆಳತಿಯರು ನಮ್ಮಷ್ಟಕ್ಕೆ ಬಸ್ ಹತ್ತಿ ಅದೇ ಊರಿಗೆ ಹೋದೆವು. 31 ಮನೆಗಳನ್ನು ಹುಡುಕಿ ಮಾತನಾಡಿಸಿದೆವು. ಆಸ್ಪತ್ರೆಗೆ ಹೋಗಿದ್ದವರು ಒಂಬತ್ತು ಜನ ಮಾತ್ರ. ಒಬ್ಬ ತಾಯಿ ಚೀಟಿಯನ್ನು ದೇವರ ಪಟದ ಹಿಂದೆ ಜೋಪಾನವಾಗಿ ಇಟ್ಟಿದ್ದರು. ಮಡಿಕೆಯೂ ಬಿಚ್ಚಿರಲಿಲ್ಲ. "ನೀವು ಕೊಟ್ಟ ಮಾತ್ರೆ ಐದು ದಿನ ನುಂಗಿದೆ ಮಗಳೇ, ವಾಸಿಯಾಯಿತಲ್ಲ" ಎಂದರು. ನಾವು ಕೊಟ್ಟಿದ್ದು ಕ್ಯಾಲ್ಸಿಯಂ ಮಾತ್ರೆ.

ಎನ್‌ಎಸ್‌ಎಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆ ಸೇವೆ ಆಗಬೇಕು. ನನ್ನದು ತುಂಬುತ್ತಾ ಬಂದಿದೆ. ಆದರೆ ಆ ತಾಯಿಯ ಮುಖ ನೆನಪಾದರೆ ನಾನು ಏನನ್ನೂ ಮಾಡಿಲ್ಲ ಎನಿಸುತ್ತದೆ. ಮುಂದಿನ ಶಿಬಿರದಲ್ಲಿ ಏನು ಬದಲಿಸಬೇಕು? ಈ 47 ಜನರಿಗೆ ಈಗ ಏನು ಮಾಡಬಹುದು? ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ 1: ನಿವೃತ್ತ ಕಿರಿಯ ಆರೋಗ್ಯ ಸಹಾಯಕಿ, ಹಾಸನ ಜಿಲ್ಲೆ

ಮಗಳೇ, ಮಾರ್ಚಿನಲ್ಲಿ ತಿರುಗಿ ಹೋದೆಯಲ್ಲ, ಅದನ್ನು ಓದಿ ಕಣ್ಣು ತುಂಬಿತು. ನನ್ನ ಸೇವೆಯಲ್ಲಿ ಹತ್ತಾರು ಶಿಬಿರಗಳನ್ನು ಕಂಡಿದ್ದೇನೆ. ತಿರುಗಿ ಬಂದ ಮಕ್ಕಳು ಬೆರಳೆಣಿಕೆಯಷ್ಟು.

ಒಂದು ಮಾತು ಕೇಳುತ್ತೇನೆ. ಶಿಬಿರಕ್ಕೆ ಮುಂಚೆ ಆ ಊರಿನ ಆಶಾ ಕಾರ್ಯಕರ್ತೆಯನ್ನು ಭೇಟಿ ಮಾಡಿದ್ದಿರಾ? 30 ವರ್ಷ ದಾಟಿದವರ ಬಿ.ಪಿ., ಸಕ್ಕರೆ ಕಾಯಿಲೆಯ ವಿವರ ಅವರ ಬಳಿ ಮನೆವಾರು ಇರುತ್ತದೆ. ಯಾರ ಮನೆಯಲ್ಲಿ ಗಂಡ ಕುಡಿಯುತ್ತಾನೆ, ಯಾವ ಅತ್ತೆ ಸೊಸೆಯನ್ನು ಆಸ್ಪತ್ರೆಗೆ ಕಳಿಸುವುದಿಲ್ಲ ಎಂಬುದೂ ಅವರಿಗೆ ಗೊತ್ತು. ನಿಮ್ಮ ಪಟ್ಟಿ ಕಾಲೇಜಿನ ಕಡತಕ್ಕೆ ಸೇರಿದರೆ ಅಲ್ಲಿಗೇ ಮುಗಿಯಿತು. ಅದರ ಒಂದು ಪ್ರತಿ ಆ ಊರಿನ ಆರೋಗ್ಯ ಉಪಕೇಂದ್ರಕ್ಕೆ ಹೋಗಲೇಬೇಕು. ಜನರ ಕಾಯಿಲೆಯ ವಿಷಯ ಇರುವ ಹಾಳೆ, ಅದನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಬೇಡಿ, ಕೈಗೇ ಕೊಡಿ.

ಇನ್ನೊಂದು, ಮನೆ ಮನೆ ಅಲೆಯುವ ಬದಲು ಹಾಲಿನ ಡೈರಿಗೆ ಹೋಗು. ನಿಮ್ಮ ಸೀಮೆಯಲ್ಲಿ ಬೆಳಿಗ್ಗೆ ಆರರಿಂದ ಏಳೂವರೆಯೊಳಗೆ ಅರ್ಧ ಊರು ಕ್ಯಾನು ಹಿಡಿದು ಅಲ್ಲಿಗೆ ಬರುತ್ತದೆ. ಹಿಂದಿನ ದಿನವೇ ಹೇಳಿಸಿದರೆ ಕಾಫಿ ಕುಡಿಯದೆ ಬರುತ್ತಾರೆ, ಖಾಲಿ ಹೊಟ್ಟೆಯ ಸಕ್ಕರೆಯನ್ನೂ ನೋಡಬಹುದು. ಹತ್ತು ಗಂಟೆಗೆ ಶಾಮಿಯಾನ ಹಾಕಿ ಕುಳಿತರೆ ಕೂಲಿಗೆ ಹೋಗುವವರು ಯಾರೂ ಸಿಗುವುದಿಲ್ಲ. ಬರುವವರು ವಯಸ್ಸಾದವರು ಮತ್ತು ಶಾಲೆಯ ಮಕ್ಕಳು.

ಉತ್ತರ 2: ವೈದ್ಯಾಧಿಕಾರಿ, ಮೈಸೂರು ಜಿಲ್ಲೆ

ಮೇಲಿನ ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ವೈದ್ಯಕೀಯ ಅಂಶಗಳನ್ನಷ್ಟೇ ಸೇರಿಸುತ್ತೇನೆ.

ಒಂದು ಸಲ 140/90 ದಾಟಿದರೆ ಅದು ಬಿ.ಪಿ. ಕಾಯಿಲೆ ಎಂದು ಹೇಳಬೇಡಿ. ನಡೆದು ಬಂದವರನ್ನು ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕೂರಿಸಿ. ತೋಳಿನ ಪಟ್ಟಿಯನ್ನು ರವಿಕೆ ಅಥವಾ ಅಂಗಿಯ ಮೇಲೆ ಕಟ್ಟಬೇಡಿ. ಮಾತನಾಡಿಸಬೇಡಿ. ಎರಡು ಸಲ ನೋಡಿ, ಇನ್ನೊಂದು ದಿನ ಮತ್ತೆ ನೋಡಿ. ಹೀಗೆ ಮಾಡಿದರೆ ನಿಮ್ಮ 47 ಕಡಿಮೆಯಾಗಬಹುದು, ಉಳಿದವರಿಗೆ ನಿಜವಾಗಿ ಚಿಕಿತ್ಸೆ ಬೇಕು. 180/110 ದಾಟಿದವರನ್ನು ಮಾತ್ರ ಚೀಟಿ ಕೊಟ್ಟು ಮನೆಗೆ ಕಳಿಸಬೇಡಿ, ಅಂದೇ ವೈದ್ಯರ ಮುಂದೆ ಕೂರಿಸಿ.

ಐದು ದಿನದ ಮಾತ್ರೆ ಹಂಚುವುದನ್ನು ನಿಲ್ಲಿಸಿ ಎಂದು ಕೈಮುಗಿದು ಕೇಳುತ್ತೇನೆ. ಬಿ.ಪಿ.ಗೆ ಕೊಡುವ ಆಮ್ಲೋಡಿಪಿನ್, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತವೆ. ಅವನ್ನು ದಿನವೂ ನುಂಗಬೇಕು, ತಲೆಸುತ್ತು ಇಲ್ಲದಿದ್ದರೂ ನುಂಗಬೇಕು. ಆ ಒಂದು ಮಾತನ್ನು ಮನದಟ್ಟು ಮಾಡಿಸಿದರೆ ನಿಮ್ಮ ಶಿಬಿರ ಸಾರ್ಥಕ. ಚುಚ್ಚಿದ ಸೂಜಿಗಳನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ ನಮಗೆ ತಂದು ಕೊಡಿ. ಶಾಲೆಯ ಹಿತ್ತಲಲ್ಲಿ ಮಕ್ಕಳು ಅವನ್ನು ಹೆಕ್ಕಿಕೊಂಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ವಿದ್ಯಾರ್ಥಿಗಳಿಂದ ಏನಾದೀತು ಎಂದು ಎದೆಗುಂದಬೇಡಿ. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಹೆಗ್ಗಡದೇವನಕೋಟೆ ಕಡೆಯ ಆದಿವಾಸಿ ಹಾಡಿಗಳ ನಡುವೆ ಬೇರೂರಿತು. ಸರಗೂರಿನಲ್ಲಿ ಇಂದು ಅವರ ಆಸ್ಪತ್ರೆಯೇ ಇದೆ. ಅವರು ಒಂದೇ ಸೀಮೆಯನ್ನು ಹಿಡಿದು ನಿಂತರು. ನೀವೂ ಪ್ರತಿ ವರ್ಷ ಊರು ಬದಲಿಸಬೇಡಿ.

ಉತ್ತರ 3: ಕಬ್ಬು ಬೆಳೆಗಾರ, ಮದ್ದೂರು

ನಮ್ಮೂರಿಗೂ ಶಿಬಿರ ಬಂದಿತ್ತು. ನನ್ನ ತಾಯಿಗೆ ಚೀಟಿ ಕೊಟ್ಟರು. ಆಸ್ಪತ್ರೆಗೆ ಹೋಗಬೇಕೆಂದರೆ ಒಂದು ದಿನದ ಕೂಲಿ ಬಿಡಬೇಕು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ನಿಜ, ಆದರೆ ನಮ್ಮ ದಾರಿಯಲ್ಲಿ ಬಸ್ಸೇ ದಿನಕ್ಕೆ ಎರಡು. ನಾಲ್ಕೈದು ಜನರನ್ನು ಒಟ್ಟು ಸೇರಿಸಿ, ಇಂಥ ದಿನ ಇಷ್ಟು ಹೊತ್ತಿಗೆ ವೈದ್ಯರು ಇರುತ್ತಾರೆ ಎಂದು ಖಚಿತ ಮಾಡಿ, ಒಂದು ಆಟೊ ಗೊತ್ತು ಮಾಡಿಕೊಟ್ಟರೆ ಖಂಡಿತ ಹೋಗುತ್ತಾರೆ. ನನ್ನ ತಾಯಿ ಹಾಗೆಯೇ ಹೋಗಿದ್ದು.

ಪ್ರಶ್ನೆ ಕೇಳಿದವರು:

ಮೂವರಿಗೂ ಮನಸಾರೆ ಧನ್ಯವಾದ. ಅಮ್ಮಾ, ಆಶಾ ಕಾರ್ಯಕರ್ತೆಯನ್ನು ನಾವು ಮೊದಲು ಭೇಟಿ ಮಾಡಿರಲಿಲ್ಲ. ನಿನ್ನೆ ಹೋಗಿ ಪಟ್ಟಿಯನ್ನು ಕೈಗೆ ಕೊಟ್ಟೆ. ಅಕ್ಕ ಜಗಲಿಯ ಮೇಲೆ ಕುಳಿತು ಪೆನ್ಸಿಲ್ ಹಿಡಿದು ಒಂದೊಂದೇ ಹೆಸರು ಓದಿದರು. ಆರು ಜನ ಮೊದಲಿನಿಂದಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದವರಂತೆ, ನಾವು ಕೇಳಿರಲೇ ಇಲ್ಲ. ಒಬ್ಬರು ಫೆಬ್ರುವರಿಯಲ್ಲಿ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದಾರೆ. ಆ ಹೆಸರಿನ ಮುಂದೆ ಜನವರಿಯಲ್ಲಿ ನನ್ನದೇ ಕೈಬರಹದಲ್ಲಿ 190/112 ಎಂದು ಬರೆದಿತ್ತು. ಅಕ್ಕ ನನ್ನ ಭುಜ ಹಿಡಿದುಕೊಂಡರು. ಇಬ್ಬರೂ ಸ್ವಲ್ಪ ಹೊತ್ತು ಏನೂ ಮಾತನಾಡಲಿಲ್ಲ.

ಶನಿವಾರ ಬೆಳಿಗ್ಗೆ ಡೈರಿಯ ಮುಂದೆ ಮೇಜು ಹಾಕಲು ಕಾರ್ಯದರ್ಶಿಯವರು ಒಪ್ಪಿದ್ದಾರೆ. ನಾವು ಮೂವರೂ ಶುಕ್ರವಾರ ರಾತ್ರಿ ಅಕ್ಕನ ಮನೆಯಲ್ಲೇ ಉಳಿಯುತ್ತೇವೆ. ಚೀಟಿಯನ್ನು ದೇವರ ಪಟದ ಹಿಂದೆ ಇಟ್ಟ ತಾಯಿ ಆರೂವರೆಗೆ ಹಾಲು ತರುತ್ತಾರಂತೆ.