ಡ್ಯೂಟೀರಿಯಂ ಡೇಟಾದಲ್ಲಿ ಥ್ರೆಶೋಲ್ಡ್‌ಗಿಂತ ಕೆಳಗೂ ಈಟಾ ಮೀಸಾನ್ ಬರ್ತಿದೆ, ಫರ್ಮಿ ಮೋಷನ್ನಾ ಇಲ್ಲಾ ನನ್ನ ತಪ್ಪಾ?

ಮೀಸಾನ್_ಮರಿ

ಎಲ್ರಿಗೂ ನಮಸ್ಕಾರ. ಎರಡು ವಾರದಿಂದ ಒಂದೇ ಪ್ಲಾಟ್ ಮುಂದೆ ಕೂತಿದೀನಿ, ಯಾರಾದ್ರೂ ಸ್ವಲ್ಪ ನೋಡಿ ಹೇಳಿ. ಲಿಕ್ವಿಡ್ ಡ್ಯೂಟೀರಿಯಂ ಟಾರ್ಗೆಟ್, ಟ್ಯಾಗ್ ಆಗಿರೋ (ಒಂದೊಂದರ ಎನರ್ಜಿನೂ ಅಳೆದ) ಫೋಟಾನ್ ಬೀಮ್, ಈಟಾ ಎರಡು ಗಾಮಾ ಆಗಿ ಒಡೆಯೋದನ್ನ ಕ್ಯಾಲರಿಮೀಟರ್‌ನಲ್ಲಿ ಹಿಡೀತೀವಿ, ಜೊತೆಗೆ ಪ್ರೋಟಾನ್ ಸಿಕ್ಕಿರ್ಬೇಕು. ಹೈಡ್ರೋಜನ್ ಡೇಟಾಗೆ ಇದೇ ಕೋಡ್ ಓಡ್ಸಿದಾಗ (ಆಮೇಲೆ ಚಿಕ್ಕಪುಟ್ಟ ಬದಲಾವಣೆ ಮಾಡಿದೀನಿ) 707 ಎಂಇವಿ (ಈಟಾ ಹುಟ್ಟೋಕೆ ಬೇಕಾದ ಕನಿಷ್ಠ ಫೋಟಾನ್ ಎನರ್ಜಿ, ಅಂದ್ರೆ ಥ್ರೆಶೋಲ್ಡ್) ಕೆಳಗೆ ಒಂದೂ ಈವೆಂಟ್ ಇರ್ಲಿಲ್ಲ, ಕತ್ತರಿಸಿದ ಹಾಗೆ ನಿಂತಿತ್ತು. ಡ್ಯೂಟೀರಿಯಂ ಹಾಕಿದ್ರೆ 660ರಲ್ಲೂ ಇದೆ, 610ರಲ್ಲೂ ಇದೆ, ಕೆಳಗೆ ಹೋದ್ರೆ ಕಮ್ಮಿ ಆಗೋ ಬದ್ಲು ಸ್ವಲ್ಪ ಜಾಸ್ತಿನೇ ಆಗುತ್ತೆ. ಇನ್ವೇರಿಯಂಟ್ ಮಾಸ್ (ಗಾಮಾಗಳಿಂದಲೇ ಕಟ್ಟಿದ ಮಾಸ್) ಪೀಕ್ ಮಾತ್ರ 548ರಲ್ಲಿ ಚೆನ್ನಾಗಿ ಕೂತಿದೆ. ಮಿಸ್ಸಿಂಗ್ ಮಾಸ್ (ಬೀಮ್ ಮತ್ತು ಟಾರ್ಗೆಟ್‌ನಿಂದ ಈಟಾನ ಕಳೆದ್ರೆ ಉಳಿಯೋದರ ಮಾಸ್) ನೋಡಿದ್ರೆ ಅಗಲ ಪೀಕು, ಅದರ ಕೆಳಗೆ ಚಾಪೆ ಹಾಸಿದ ಹಾಗೆ ಫ್ಲಾಟ್ ಬ್ಯಾಕ್‌ಗ್ರೌಂಡು. ಲ್ಯಾಬ್‌ನಲ್ಲಿ ಸೀನಿಯರ್ ಹತ್ರ ಕೇಳಿದ್ರೆ "ಫರ್ಮಿ ಮೋಷನ್ ಕಣೋ, ಬಿಡು" ಅಂದ್ರು. ಬಿಡ್ಲಾ?

ಹಳೇ_ಟ್ಯಾಗರ್

ಅರ್ಧ ಬಿಡಬಹುದು, ಅರ್ಧ ಬಿಡೋ ಹಾಗಿಲ್ಲ. 660ರದ್ದನ್ನ ಮೊದ್ಲು ನೋಡೋಣ. ಡ್ಯೂಟೆರಾನ್ (ಡ್ಯೂಟೀರಿಯಂ ನ್ಯೂಕ್ಲಿಯಸ್, ಒಂದು ಪ್ರೋಟಾನು ಒಂದು ನ್ಯೂಟ್ರಾನು) ಒಳಗಿನ ಪ್ರೋಟಾನ್ ಸುಮ್ನೆ ನಿಂತಿರಲ್ಲ, ಆ ಓಡಾಟಾನೇ ಫರ್ಮಿ ಮೋಷನ್, ಅದು ಬೀಮಿಗೆ ಎದುರಾಗಿ ಓಡಿ ಬರ್ತಿದ್ರೆ ಸೆಂಟರ್ ಆಫ್ ಮಾಸ್ ಎನರ್ಜಿ (ಡಬ್ಲ್ಯು) ಏರುತ್ತೆ. 660 ಎಂಇವಿ ಫೋಟಾನ್‌ಗೆ ಈಟಾ ಹುಟ್ಟಬೇಕು ಅಂದ್ರೆ ಪ್ರೋಟಾನ್ ಸುಮಾರು 90 ಎಂಇವಿ ಮೊಮೆಂಟಮ್‌ನಲ್ಲಿ ಎದುರು ಬರಬೇಕು, ಬೈಂಡಿಂಗನ್ನೂ ಲೆಕ್ಕಕ್ಕೆ ತಗೊಂಡೇ ಹೇಳ್ತಿದೀನಿ. ಡ್ಯೂಟೆರಾನ್‌ನಲ್ಲಿ ಅಷ್ಟು ಮೊಮೆಂಟಮ್ ಇರೋದು ಏನೂ ಅಪರೂಪ ಅಲ್ಲ. 800ರ ಬಿನ್ನಲ್ಲಿ ಬರೀ 50 ಇದ್ರೂ ಡಬ್ಲ್ಯು 26 ಎಂಇವಿ ಆಚೆ ಈಚೆ ಆಗುತ್ತೆ, ಅದಕ್ಕೇ ಪೀಕ್ ಅಗಲ ಆಗಿರೋದು. ಅಲ್ಲೀವರೆಗೂ ನಿಮ್ಮ ಸೀನಿಯರ್ ಹೇಳಿದ್ದು ಸರಿ.

ಆದ್ರೆ 610? ಡ್ಯೂಟೆರಾನ್ ಇಡಿಯಾಗಿ ಪೆಟ್ಟು ತಿಂದ್ರೂ ಈಟಾಗೆ 628 ಬೇಕು, ಪ್ರೋಟಾನು ನ್ಯೂಟ್ರಾನು ಬೇರೆ ಬೇರೆ ಆಗಿ ಹೊರಗೆ ಬರಬೇಕಂದ್ರೆ 631. ಫರ್ಮಿ ಮೋಷನ್ ಅನ್ನೋದು ಎನರ್ಜಿ ಕನ್ಸರ್ವೇಷನ್‌ಗೆ ಕೊಟ್ಟ ರಜೆ ಅಲ್ಲ ಮಾರಾಯ್ರೆ. ಒಳಗೆ ಹೇಗೇ ಕುಣಿದ್ರೂ ಇಡೀ ಡ್ಯೂಟೆರಾನ್ ಲ್ಯಾಬ್‌ನಲ್ಲಿ ನಿಂತೇ ಇದೆ ತಾನೇ.

ಬೇರಿಯಂ_ಬಾಬು

ಟ್ಯಾಗರ್ (ಫೋಟಾನ್ ಎನರ್ಜಿ ಅಳೆಯೋ ಸಾಧನ) ಕ್ಯಾಲಿಬ್ರೇಷನ್ ಹೋಗಿದೆ ಅಷ್ಟೆ. ಮ್ಯಾಗ್ನೆಟ್ ಫೀಲ್ಡ್ ಆ ಬೀಮ್‌ಟೈಮ್‌ನಲ್ಲಿ ಬೇರೆ ಇತ್ತೇನೋ ಚೆಕ್ ಮಾಡಿ, ನಮ್ಗೂ ಒಂದ್ಸಲ ಹೀಗೇ ಆಗಿತ್ತು, ಎಲ್ಲಾ ಚಾನೆಲ್ ಸರಿದುಹೋಗಿದ್ವು.

ಹಳೇ_ಟ್ಯಾಗರ್

ಕ್ಯಾಲಿಬ್ರೇಷನ್ ಸರಿದಿದ್ರೆ ಅಂಚು ಸರಿಯುತ್ತೆ ಬಾಬು, ಅಂಚೇ ಇಲ್ದೆ ಹೋಗಲ್ಲ. ಇವರಿಗೆ ಕೆಳಗೆ ಹೋದಷ್ಟೂ ಏರ್ತಿದೆ. ಮರಿ, ಎರಡು ವಿಷಯ ಹೇಳಿ. ಈಟಾ ಮೂರು ಪೈ-ಝೀರೋ ಆಗೋ ಆರು ಗಾಮಾ ಚಾನೆಲ್‌ನಲ್ಲೂ ಇದೇ ಥರ ಇದೆಯಾ? ರ‍್ಯಾಂಡಮ್ ಸಬ್‌ಟ್ರಾಕ್ಷನ್ (ಆಕಸ್ಮಿಕವಾಗಿ ಜೋಡಿ ಆದದ್ದನ್ನ ಕಳೆಯೋದು) ಹೇಗೆ ಮಾಡ್ತಿದೀರಿ?

ಮೀಸಾನ್_ಮರಿ

ಆರು ಗಾಮಾದಲ್ಲೂ ಅದೇ ಸರ್, ಹೆಚ್ಚು ಕಮ್ಮಿ ಅದೇ ಪ್ರಮಾಣ. ರ‍್ಯಾಂಡಮ್‌ಗೆ ಪ್ರಾಂಪ್ಟ್ ವಿಂಡೋ (ನಿಜವಾದ ಜೋಡಿ ಬರೋ ಸಮಯ) ಮೈನಸ್ 10ರಿಂದ ಪ್ಲಸ್ 10 ನ್ಯಾನೋಸೆಕೆಂಡು, ಸೈಡ್ ವಿಂಡೋ (ಬರೀ ಆಕಸ್ಮಿಕ ಜೋಡಿ ಬರೋ ಸಮಯ) 20ರಿಂದ 100, ವೆಯ್ಟ್ 0.125.

ಖಾಲಿ_ಟಾರ್ಗೆಟ್

ಮಧ್ಯೆ ಬಾಯಿ ಹಾಕ್ತಿದೀನಿ ಕ್ಷಮಿಸಿ. ಹಳೇ ಟ್ಯಾಗರ್ ಅವ್ರೇ, 610ರಲ್ಲಿ ಬರೋ ಹಾಗೇ ಇಲ್ಲ ಅಂದ್ರಲ್ಲ, ಅದು ಡ್ಯೂಟೀರಿಯಂಗೆ ಮಾತ್ರ ಸರಿ. ಟಾರ್ಗೆಟ್ ಸೆಲ್ಲಿನ ಕಿಟಕಿ ಕ್ಯಾಪ್ಟಾನ್ (ಒಂಥರಾ ಪ್ಲಾಸ್ಟಿಕ್ ಹಾಳೆ) ಆಗಿದ್ರೆ ಅದ್ರಲ್ಲಿ ಕಾರ್ಬನ್ ಇದೆ. ಟಾರ್ಗೆಟ್ ಭಾರ ಆದಷ್ಟೂ ಥ್ರೆಶೋಲ್ಡ್ ಇಳಿಯುತ್ತೆ, ಯಾಕಂದ್ರೆ ರಿಕಾಯಿಲ್‌ಗೆ (ಪೆಟ್ಟು ತಿಂದ ನ್ಯೂಕ್ಲಿಯಸ್ ಓಡೋದಕ್ಕೆ) ಹೋಗೋ ಎನರ್ಜಿ ಕಮ್ಮಿ. ಪ್ರೋಟಾನ್ 707, ಡ್ಯೂಟೆರಾನ್ 628, ಹೀಲಿಯಂ-3ಕ್ಕೆ 601, ಹೀಲಿಯಂ-4ಕ್ಕೆ 588, ಕಾರ್ಬನ್‌ಗೆ 561. ಪ್ರೋಟಾನ್ ಕಿತ್ಕೊಂಡು ಬರೋದಕ್ಕೆ ಇನ್ನೊಂದಷ್ಟು ಸೇರಿಸಿದ್ರೂ ಕಾರ್ಬನ್‌ನಲ್ಲಿ 610 ಆರಾಮಾಗಿ ಸಾಕು. ಅದಕ್ಕೆ 610 ನೋಡಿ ತೀರ್ಪು ಕೊಡ್ಬೇಡಿ, 540 ನೋಡಿ. ಈಟಾ ಮಾಸೇ 547.86, ಅದಕ್ಕಿಂತ ಕೆಳಗೆ ಸೀಸ ಇಟ್ರೂ ಈಟಾ ಹುಟ್ಟಲ್ಲ.

ಹಳೇ_ಟ್ಯಾಗರ್

ಹೌದು, ಒಪ್ಪಿದೆ, ಕಿಟಕಿ ಮರೆತೇ ಬಿಟ್ಟಿದ್ದೆ. ಮರಿ, 540 ಬಿನ್ ಹಾಕಿ, ಕಳೆಯೋಕೆ ಮುಂಚಿನ ನಂಬರ್‌ಗಳನ್ನೇ ಕೊಡಿ.

ಮೀಸಾನ್_ಮರಿ

540 ಬಿನ್, ಈಟಾ ಪೀಕ್ ಒಳಗೆ ಪ್ರಾಂಪ್ಟ್ 412, ರ‍್ಯಾಂಡಮ್ 1630. 0.125 ಹಾಕಿ ಕಳೆದ್ರೆ 208 ಉಳಿಯುತ್ತೆ. ಪೀಕು 548ರಲ್ಲೇ ಇದೆ!! 540 ಎಂಇವಿ ಫೋಟಾನು 548ರ ಕಣ ಹೇಗೆ ಮಾಡುತ್ತೆ? ತಲೆ ಕೆಟ್ಟೋಗಿದೆ.

ಹಳೇ_ಟ್ಯಾಗರ್

ಈಟಾ ನಿಜವಾದದ್ದೇ, ಫೋಟಾನ್ ಮಾತ್ರ ಬೇರೆಯವರದ್ದು. ಹೆತ್ತೋರು ಒಬ್ರು, ಹೆಸರು ಇನ್ನೊಬ್ರದ್ದು.

ಟ್ಯಾಗರ್ ಮಾಡೋದಿಷ್ಟೆ. ಎಲೆಕ್ಟ್ರಾನ್ ತೆಳು ರೇಡಿಯೇಟರ್‌ನಲ್ಲಿ ಫೋಟಾನ್ ಬಿಡುತ್ತೆ, ಎನರ್ಜಿ ಕಳ್ಕೊಂಡ ಎಲೆಕ್ಟ್ರಾನನ್ನ ಮ್ಯಾಗ್ನೆಟ್ ಬಗ್ಗಿಸುತ್ತೆ, ಅದು ಎಲ್ಲಿ ಬಿತ್ತು ಅಂತ ನೋಡಿ ಬೀಮ್ ಎನರ್ಜಿಯಿಂದ ಕಳೆದ್ರೆ ಫೋಟಾನ್ ಎನರ್ಜಿ. ಆದ್ರೆ ಅದೇ 20 ನ್ಯಾನೋಸೆಕೆಂಡ್‌ನಲ್ಲಿ ಇನ್ನೂ ನಾಲ್ಕಾರು ಎಲೆಕ್ಟ್ರಾನ್ ಬಿದ್ದಿರ್ತವೆ. 800ರ ಫೋಟಾನ್ ಹುಟ್ಟಿಸಿದ ಈಟಾಗೆ ಪಕ್ಕದ 540ರ ಎಲೆಕ್ಟ್ರಾನ್ ಜೋಡಿ ಆಗಿಬಿಡುತ್ತೆ. ಇನ್ವೇರಿಯಂಟ್ ಮಾಸ್‌ಗೆ ಬೀಮ್ ಎನರ್ಜಿ ಬೇಕೇ ಇಲ್ಲ, ಎರಡು ಗಾಮಾ ಸಾಕು, ಅದಕ್ಕೇ ಆ ಪೀಕು ನಿಮಗೆ ಏನೂ ಹೇಳ್ದೆ ಚೆನ್ನಾಗಿ ಕೂತಿರುತ್ತೆ. ಬೀಮ್ ಎನರ್ಜಿ ಬೇಕಾಗೋದು ಮಿಸ್ಸಿಂಗ್ ಮಾಸ್‌ಗೆ, ನಿಮ್ಮ ಚಾಪೆ ಇರೋದೂ ಅಲ್ಲೇ. ಬ್ರೆಮ್ಸ್‌ಸ್ಟ್ರಾಲುಂಗ್ (ರೇಡಿಯೇಟರ್‌ನಲ್ಲಿ ಹುಟ್ಟೋ ಫೋಟಾನ್‌ಗಳ) ಸ್ಪೆಕ್ಟ್ರಮ್ ಸುಮಾರಾಗಿ ಎನರ್ಜಿಗೆ ವಿಲೋಮವಾಗಿ ಹೋಗೋದ್ರಿಂದ ಕೆಳಗಿನ ಚಾನೆಲ್‌ಗಳಲ್ಲಿ ಎಲೆಕ್ಟ್ರಾನ್ ಜಾಸ್ತಿ, ಹಾಗಾಗಿ ಕೆಳಗೆ ಹೋದಷ್ಟೂ ಏರೋದು.

ಈಗ ಸೈಡ್ ವಿಂಡೋ ಒಂದೇ ಕಡೆನಾ ಎರಡೂ ಕಡೆನಾ?

ಮೀಸಾನ್_ಮರಿ

ಅಯ್ಯೋ. ಮೊದ್ಲು ಎರಡೂ ಕಡೆ ಇತ್ತು, 80 ಮತ್ತು 80. ಡ್ಯೂಟೀರಿಯಂ ರನ್‌ನಲ್ಲಿ ಎಡಗಡೆ ಟೈಮ್ ಸ್ಪೆಕ್ಟ್ರಮ್‌ನಲ್ಲಿ ಒಂದು ಉಬ್ಬು ಕಾಣ್ತು ಅಂತ ಆ ಕಡೆ ತೆಗೆದುಹಾಕಿದೆ. ವೆಯ್ಟ್ ಮುಟ್ಟಲಿಲ್ಲ.

20 ಭಾಗಿಸು 160 ಅಂದ್ರೆ 0.125. ಈಗ 20 ಭಾಗಿಸು 80, ಅಂದ್ರೆ 0.25. 1630ರಲ್ಲಿ ಕಾಲು ಭಾಗ 407.5, 412ರಲ್ಲಿ ಅದು ಹೋದ್ರೆ 4.5 ಉಳೀತು. ಎರರ್ 23 ಬರ್ತಿದೆ. ಸೊನ್ನೆ!

ಬೇರಿಯಂ_ಬಾಬು

ಸರಿ ನಾನು ಸೋತೆ. ಆದ್ರೂ ಟ್ಯಾಗರ್ ಒಂದ್ಸಲ ನೋಡಿ 🙂

ಖಾಲಿ_ಟಾರ್ಗೆಟ್

610ರಲ್ಲಿ ಇನ್ನೂ ಸ್ವಲ್ಪ ಉಳಿದಿರ್ಬೇಕಲ್ಲ? ಉಳಿದಿದ್ರೆ ಖಾಲಿ ಸೆಲ್ ರನ್ ತಗೊಂಡು ಕಳೀರಿ. ಈವೆಂಟ್ ಸಂಖ್ಯೆಗೋ ಗಂಟೆಗೋ ಸ್ಕೇಲ್ ಮಾಡ್ಬೇಡಿ, ಫೋಟಾನ್ ಫ್ಲಕ್ಸ್‌ಗೆ ಮಾಡಿ, ಅದೂ ಬಿನ್ ಬಿನ್ನಿಗೂ. ಖಾಲಿ ರನ್‌ಗೂ ರ‍್ಯಾಂಡಮ್ ಕಳೆದೇ ಆಮೇಲೆ ಕಳೀಬೇಕು.

ಮೀಸಾನ್_ಮರಿ

610ರಲ್ಲಿ ಸ್ವಲ್ಪ ಇತ್ತು ಸರ್, ಖಾಲಿ ರನ್ ಕಳೆದ್ಮೇಲೆ ಎರರ್ ಒಳಗೆ ಹೋಯ್ತು. 660ರಲ್ಲಿ ಈಗ್ಲೂ ಇದೆ, ಅದು ಇರಬೇಕು ಅಲ್ವಾ?

ಹಳೇ_ಟ್ಯಾಗರ್

ಇರಲೇಬೇಕು, ಅದೇ ನಿಮ್ಮ ಫರ್ಮಿ ಮೋಷನ್. ಮುಂದೆ ಬೀಮ್ ಎನರ್ಜಿ ಬದ್ಲು ಈಟಾ ಮತ್ತು ಪ್ರೋಟಾನ್‌ನಿಂದಲೇ ಡಬ್ಲ್ಯು ಕಟ್ಟಿ ಪ್ಲಾಟ್ ಮಾಡಿ, ಮೊಮೆಂಟಮ್ ಹರಡಿರೋದು ಅಲ್ಲಿ ತೊಂದ್ರೆ ಕೊಡಲ್ಲ, ಡಿಟೆಕ್ಟರ್ ರೆಸಲ್ಯೂಷನ್ ಅಷ್ಟೇ ಉಳಿಯೋದು. ಡ್ಯೂಟೆರಾನ್‌ನ ಪ್ರೋಟಾನ್ ಈಟಾಗೆ ಫ್ರೀ ಪ್ರೋಟಾನ್ ಜೊತೆ ಚೆನ್ನಾಗಿ ಹೊಂದುತ್ತೆ, ಅದನ್ನೇ ಪರೀಕ್ಷೆಯಾಗಿ ಇಟ್ಕೊಳ್ಳಿ. ಪೈ-ಝೀರೋಗೆ ಮಾತ್ರ ಆ ಭರವಸೆ ಇಟ್ಕೋಬೇಡಿ, ಅಲ್ಲಿ ಹೊರಗೆ ಬರೋ ಕಣಗಳು ಒಂದಕ್ಕೊಂದು ತಾಗೋ ಫೈನಲ್ ಸ್ಟೇಟ್ ಇಂಟರಾಕ್ಷನ್‌ನಿಂದ ಫ್ರೀ ಪ್ರೋಟಾನ್‌ಗಿಂತ ಕಮ್ಮಿನೇ ಬರುತ್ತೆ, ಕೋಡ್ ಸರಿ ಇದ್ರೂ.

ಇನ್ನೊಂದು ಮಾತು, ನಿಮ್ಮ ಗುಂಪಲ್ಲಿ ಯಾರಾದ್ರೂ ಹೀಲಿಯಂ-3 ಮಾಡ್ತಿದ್ರೆ ಈ 0.125 ಕಥೆ ಅವ್ರಿಗೂ ಹೇಳಿ. ಹೈದರ್ ಮತ್ತು ಲಿಯು 1986ರಲ್ಲಿ ಈಟಾ ನ್ಯೂಕ್ಲಿಯಸ್‌ಗೆ ಅಂಟ್ಕೊಂಡಿರಬಹುದು ಅಂತ ಲೆಕ್ಕ ಹಾಕಿದಾಗಿಂದ ಜನ ಹುಡುಕ್ತಾ ಇರೋದು ಥ್ರೆಶೋಲ್ಡ್ ಹತ್ರದ ಬಿನ್‌ಗಳಲ್ಲೇ. ಹೀಲಿಯಂ-3ರಲ್ಲಿ ಅಲ್ಲಿ ಕ್ರಾಸ್ ಸೆಕ್ಷನ್ (ಈಟಾ ಹುಟ್ಟೋ ಸಾಧ್ಯತೆ) ನಿಜವಾಗ್ಲೂ ಧಡಕ್ಕಂತ ಏರುತ್ತೆ, ಮೈಂಜ್‌ನ ಮಾಮಿ ಆಕ್ಸಿಲರೇಟರ್ ಡೇಟಾದಲ್ಲೂ, ಡ್ಯೂಟೆರಾನ್ ಬೀಮಿನ ಯೂಲಿಷ್ ಡೇಟಾದಲ್ಲೂ. ರ‍್ಯಾಂಡಮ್ ಅರ್ಧ ಕಳೆದು ಬಿಟ್ಟಿರೋರಿಗೆ ಆ ಏರಿಕೆ ಎಲ್ಲಿ ಶುರುವಾಯ್ತು ಅನ್ನೋದೇ ಗೊತ್ತಾಗಲ್ಲ.

ಮೀಸಾನ್_ಮರಿ

ಹೇಳ್ತೀನಿ ಸರ್, ಪಕ್ಕದ ಟೇಬಲ್ಲಿನವ್ರೇ ಅದು. 0.125ನ ಕೈಯಲ್ಲಿ ಬರೆದಿದ್ದು ಎಲ್ಲೆಲ್ಲಿದೆ ಅಂತ ಹುಡುಕಿ ವಿಂಡೋ ಅಗಲದಿಂದಲೇ ಲೆಕ್ಕ ಹಾಕೋ ಥರ ಮಾಡಿದೀನಿ, ಮೂರು ಫೈಲಲ್ಲಿ ಸಿಕ್ತು. ತುಂಬಾ ಥ್ಯಾಂಕ್ಸ್ ಎಲ್ರಿಗೂ.

ಎಡಿಟ್: ನಾಲ್ಕನೇದು ಸಿಕ್ತು, ನ್ಯೂಟ್ರಾನ್ ಚಾನೆಲ್‌ನಲ್ಲಿ.